ದನಿ ಹೆಕ್ಕಿ ಕೊಟ್ಟ ಡಿಸ್ಕಕ್ಕ

ಬೀದಿಯಲ್ಲಿ ಇನ್ನೂ ಮೊದಲ ಬಸ್ಸಿನ ಸದ್ದಿಲ್ಲ. ಹಿಂದಿನ ಕೋಣೆಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೂದಲು ಹೊರಬರದಂತೆ ಟೋಪಿ ಬಿಗಿದುಕೊಂಡು, ಆಕೆ ಗಾಜಿನ ಪೆಟ್ಟಿಗೆಯ ಎರಡು ತೂತುಗಳಲ್ಲಿ ಕೈ ತೂರಿಸಿ ಕೂತಿದ್ದಾರೆ. ಒಳಗೆ ಮುಚ್ಚಳ ತೆಗೆದ ಹಾರ್ಡ್ ಡಿಸ್ಕ್. ಅದರೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ. ಅದರ ಮೇಲೆ ಒಂದು ಧೂಳಿನ ಕಣ ಕೂತರೂ ಕೆಲಸ ಕೆಟ್ಟಂತೆ. ಅಷ್ಟರಲ್ಲಿ ಅಡುಗೆಮನೆಯ ಮಿಕ್ಸಿ ಗುರ್ರೆನ್ನುತ್ತದೆ.

“ಅತ್ತೆ, ಈಗ ಬೇಡ. ಮೇಜು ಅದುರುತ್ತೆ.”

ಮಿಕ್ಸಿ ನಿಲ್ಲುತ್ತದೆ. “ಇವಳ ಮಾವ ಮಲಗಿದಾಗಲೂ ನಾನು ಇಷ್ಟು ಮೆಲ್ಲಗೆ ಓಡಾಡಿಲ್ಲ” ಎಂದು ಅತ್ತೆ ನನ್ನ ಕೈಗೆ ಚಹಾ ಕೊಡುತ್ತಾರೆ.

ಬಡಾವಣೆಯವರಿಗೆಲ್ಲ ಈಕೆ ಡಿಸ್ಕಕ್ಕ. ಹಾರ್ಡ್ ಡಿಸ್ಕ್ ಜೋಡಿಸುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ತಟ್ಟೆಯ ಮೇಲೆ ತೇಲುತ್ತ ಅದರಲ್ಲಿರುವುದನ್ನು ಓದುವ ಸೂಜಿಯಂಥ ತುದಿಗಳಿರುತ್ತವಲ್ಲ, ಅವನ್ನು ಕೂರಿಸುವುದೇ ಇವರ ಕೆಲಸವಾಗಿತ್ತು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಕಾರ್ಖಾನೆ ಬೇರೆಲ್ಲಿಗೋ ಹೋಗಿಬಿಟ್ಟಿತ್ತು. “ಕೈಯಲ್ಲಿ ಕಲಿತಿದ್ದು ಕೈಯಲ್ಲೇ ಉಳೀತು” ಎನ್ನುತ್ತಾರೆ. ಗಂಡನ ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಸಾಮಾನು ತುಂಬಿದ್ದ ಈ ಕೋಣೆಯನ್ನು ಖಾಲಿ ಮಾಡಿಸಿ, ಹಳೆಯ ಮೀನಿನ ತೊಟ್ಟಿಯಿಂದ ಗಾಜಿನ ಪೆಟ್ಟಿಗೆ ಕಟ್ಟಿಕೊಂಡರು. ವಾರಕ್ಕೆ ಐದಾರು ಸತ್ತ ಡಿಸ್ಕುಗಳು ಬರುತ್ತವೆ. ಮೂರ್ನಾಲ್ಕು ಬಾಯಿ ಬಿಡುತ್ತವೆ.

ಆದರೆ ನಾನು ಇವರನ್ನು ಹುಡುಕಿಕೊಂಡು ಬಂದದ್ದು ಒಂದೇ ಒಂದು ಡಿಸ್ಕಿನ ಕಥೆಗಾಗಿ. ಅದನ್ನು ಕೇಳಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲೂ ಬಾರದು.

ಊರಿನ ದೊಡ್ಡಾಸ್ಪತ್ರೆಯಲ್ಲಿ ಮಾತಿನ ತರಬೇತಿಯ ವಿಭಾಗವಿದೆ. ಗಂಟಲಿನ ಕಾಯಿಲೆಯಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಅಲ್ಲಿಗೆ ಬರುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅಲ್ಲಿನ ಟೀಚರು ಅವರನ್ನು ಕೂರಿಸಿಕೊಂಡು ದಿನಬಳಕೆಯ ನೂರಾರು ಮಾತುಗಳನ್ನು ರೆಕಾರ್ಡ್ ಮಾಡುತ್ತಾರೆ. ಗಾಯ ಮಾಗಿದ ಮೇಲೆ ಅದನ್ನು ಅವರ ಫೋನಿಗೆ ತುಂಬುತ್ತಾರೆ. ಒತ್ತಿದರೆ ಅವರದೇ ದನಿ ಮಾತಾಡುತ್ತದೆ.

ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಹೀಗೆ ತಮ್ಮ ದನಿಗಾಗಿ ಕಾಯುತ್ತಿದ್ದವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಅಷ್ಟರಲ್ಲಿ ಆಸ್ಪತ್ರೆಗೆ ಹೊಸ ಕಂಪ್ಯೂಟರುಗಳು ಬಂದವು. ಗುತ್ತಿಗೆಯವರು ಬಿಲ್ಲು, ಹಾಜರಿಯನ್ನೆಲ್ಲ ಜೋಪಾನವಾಗಿ ಹೊಸದಕ್ಕೆ ಸಾಗಿಸಿದರು. ದನಿಗಳಿದ್ದ ಡಿಸ್ಕನ್ನು ಕಿತ್ತು, ಮಿಕ್ಕ ಹಳೆಯ ಡಿಸ್ಕುಗಳ ಜೊತೆ ಚೀಲಕ್ಕೆ ಎಸೆದು, ಮೆಟ್ಟಿಲ ಮೇಲೆ ದರದರ ಎಳೆದೊಯ್ದರು. ಟೀಚರು ಅಟ್ಟಾಡಿಸಿಕೊಂಡು ಹೋಗಿ ಆ ಡಿಸ್ಕನ್ನು ತಂದು ಜೋಡಿಸಿದರೆ, ಓದಲಾಗುತ್ತಿಲ್ಲ ಎಂದಿತು ಹೊಸ ಯಂತ್ರ.

ಆಡಳಿತಾಧಿಕಾರಿ ಆಗ ಹೇಳಿದ ಮಾತನ್ನು ಟೀಚರು ನನಗೆ ಎರಡು ಸಲ ಹೇಳಿದರು. ಮೊದಲ ಸಲ ನಾನು ನಂಬಲಿಲ್ಲ.

“ಹೋದ್ರೆ ಹೋಯ್ತು. ಎಲ್ಲರನ್ನೂ ಕರೆಸಿ ಇನ್ನೊಂದ್ಸಲ ರೆಕಾರ್ಡ್ ಮಾಡಿ.”

ಧ್ವನಿಪೆಟ್ಟಿಗೆ ಕಳೆದುಕೊಂಡವರನ್ನು ಕರೆಸಿ, ಇನ್ನೊಂದು ಸಲ ಮಾತಾಡಿಸಬೇಕಂತೆ. ಇಂಥ ಕುರ್ಚಿಯಲ್ಲಿ ಇಂಥವರು ಕೂತರೆ ರೋಗಿಗಳ ಗತಿ ಏನು? ಸಾಲದ್ದಕ್ಕೆ, ನಕಲು ಇಟ್ಟುಕೊಳ್ಳಲಿಲ್ಲವೆಂದು ಟೀಚರಿಗೇ ಮೆಮೊ. ನಕಲಿಗೆಂದು ಇನ್ನೊಂದು ಡಿಸ್ಕ್ ಕೊಡಿ ಎಂದು ವರ್ಷದಿಂದ ಕೇಳುತ್ತಿದ್ದವರೂ ಅವರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಇದಕ್ಕೇ.

ಟೀಚರು ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಡಿಸ್ಕಕ್ಕನ ಮನೆಗೆ ಬಂದರು. “ಕಿವಿಗಿಟ್ಟುಕೊಂಡೆ. ಟಕ್ ಟಕ್ ಅಂತಿತ್ತು. ಪೆಟ್ಟು ಬಿದ್ದು ಓದೋ ತುದಿ ಮುರಿದಿದೆ ಅಂತ ಗೊತ್ತಾಯ್ತು. ಅದೇ ಜಾತಿಯ ಇನ್ನೊಂದು ಡಿಸ್ಕ್ ಸಿಕ್ಕರೆ ಅದರ ತುದಿ ತೆಗೆದು ಇದಕ್ಕೆ ಹಾಕಬಹುದು ಅಂದೆ” ಎಂದು ಡಿಸ್ಕಕ್ಕ ನೆನೆಯುತ್ತಾರೆ.

ಅದೇ ಜಾತಿಯವು ಅದೇ ಚೀಲದಲ್ಲಿದ್ದವು. ಕೊಡಿ ಎಂದರೆ, ಗುಜರಿಗೆ ಮಾರಿಯಾಯಿತು ಎಂದರು ಆಸ್ಪತ್ರೆಯವರು. ಅಕ್ಕ ಗುಜರಿ ಅಂಗಳಕ್ಕೆ ಹೋಗಿ, ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು, ರಾಶಿ ಕೆದಕಿ ಒಂದನ್ನು ಹೊರತೆಗೆದರು. ಆಮೇಲೆ ಒಂದು ವಾರ ಈ ಮನೆಯಲ್ಲಿ ಬಾಗಿಲನ್ನು ಯಾರೂ ದಡಾರನೆ ಹಾಕಲಿಲ್ಲ. ತುದಿ ಬದಲಾಯಿಸಿದರೂ ತಟ್ಟೆಯ ಒಂದು ಕಡೆ ಗೀರು ಬಿದ್ದಿತ್ತು. ಅಕ್ಕ ಆ ಗೀರಿನ ತಂಟೆಗೆ ಹೋಗದೆ, ಮೊದಲು ಚೆನ್ನಾಗಿದ್ದ ಭಾಗವನ್ನೆಲ್ಲ ಓದಿಸಿಕೊಂಡರು. ಗೀರಿನ ಪಕ್ಕದ್ದನ್ನು ಕೊನೆಗೆ, ಚೂರು ಚೂರಾಗಿ.

ಮೊದಲು ಬಾಯಿಬಿಟ್ಟದ್ದು ಒಬ್ಬ ಬಸ್ ಕಂಡಕ್ಟರರ ದನಿ: “ಮುಂದೆ ಹೋಗಿ ಸ್ವಾಮಿ, ಒಳಗೆ ಮೈದಾನ ಇದ್ದಂಗಿದೆ.”

ಕಂಡಕ್ಟರರ ಹೆಂಡತಿಯನ್ನು ನಾನು ಅವರ ಮನೆಯಲ್ಲೇ ಕಂಡೆ. “ಮೂವತ್ತು ವರ್ಷ ಇವರ ಬಾಯಿ ಮುಚ್ಚಿಸೋಕೆ ಆಗಿರಲಿಲ್ಲ. ಆಪರೇಷನ್ ಆದ್ಮೇಲೆ ಮನೆ ಬಿಕೋ ಅಂತಿತ್ತು. ಜಗಳ ಆಡೋಣ ಅಂದ್ರೂ ನಾನೊಬ್ಬಳೇ ಆಡಬೇಕು” ಎಂದರು. ಕಂಡಕ್ಟರರು ಫೋನು ಎತ್ತಿ ಒತ್ತಿದರು. “ಸಾಕು ಬಿಡೇ ಮಾರಾಯ್ತಿ” ಎಂದಿತು ಅದು, ಅವರದೇ ಗಡಸು ದನಿಯಲ್ಲಿ. ಆಕೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇಬ್ಬರ ದನಿ ಮಾತ್ರ ಬರಲಿಲ್ಲ. ಅದು ಗೀರಿನೊಳಗೇ ಹೋಯಿತು. ಅದನ್ನು ತಿಳಿಸಲು ಆಸ್ಪತ್ರೆಯಿಂದ ಯಾರೂ ಅವರ ಮನೆಗಳಿಗೆ ಹೋಗಲಿಲ್ಲ. ಟೀಚರನ್ನು ಜೊತೆಗೆ ಕರೆದುಕೊಂಡು ಅಕ್ಕನೇ ಹೋದರು. “ಫೋನಲ್ಲಿ ಹೇಳೋ ಮಾತಲ್ಲ ಅದು. ಕೂತು ಹೇಳಬೇಕು” ಎನ್ನುತ್ತಾರೆ.

ಆಸ್ಪತ್ರೆ ಮಾಡಿದ್ದೇನು? ‘ನೂತನ ವ್ಯವಸ್ಥೆಯಿಂದಾಗಿ ರೋಗಿಗಳ ಧ್ವನಿ ಸುರಕ್ಷಿತ’ ಎಂದು ಪತ್ರಿಕೆಗಳಿಗೆ ಪ್ರಕಟಣೆ ಕೊಟ್ಟು ತಿಪ್ಪೆ ಸಾರಿಸಿತು. ಗುತ್ತಿಗೆಯವರಿಗೆ ಹಾರ, ಶಾಲು. ಟೀಚರ ಮೆಮೊ ಈವತ್ತಿಗೂ ವಾಪಸಾಗಿಲ್ಲ. ಡಿಸ್ಕಕ್ಕನ ಹೆಸರು ಎಲ್ಲೂ ಇಲ್ಲ. ಕೇಳೋಣವೆಂದು ಹೋದರೆ ಆಡಳಿತಾಧಿಕಾರಿ, “ಆ ಯಮ್ಮ ಯಾರೋ ಮನೇಲಿ ರಿಪೇರಿ ಮಾಡೋರಲ್ವಾ?” ಎಂದರು. ಹೌದು ಸ್ವಾಮಿ, ಅವರೇ. ನಿಮ್ಮ ಕಟ್ಟಡವಿಡೀ ಸೇರಿ ಕೆಡಿಸಿದ್ದನ್ನು ಮನೆಯಲ್ಲಿ ಕೂತು ರಿಪೇರಿ ಮಾಡಿದವರು.

ನನ್ನ ಸಿಟ್ಟು ಅಕ್ಕನಿಗೆ ನಗು ತರಿಸುತ್ತದೆ. “ಶಾಲು ತಗೊಂಡು ಏನ್ಮಾಡ್ಲಿ? ಈ ಕೋಣೇಲಿ ನೂಲು ಉದುರೋ ಬಟ್ಟೆ ತರೋಹಾಗಿಲ್ಲ. ಟೀಚರ ಮೆಮೊ ತೆಗೆಸೋ ಹಾಗೆ ಬರೀರಿ, ಅಷ್ಟು ಸಾಕು.”

ಬೆಳಕು ಬಲಿತಿದೆ, ಬೀದಿಯಲ್ಲಿ ಬಸ್ಸುಗಳು ಶುರುವಾಗಿವೆ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಾರೆ. ದನಿ ಸಿಗದ ಇಬ್ಬರಲ್ಲಿ ಒಬ್ಬರ ತಂಗಿ. ಕೈಯಲ್ಲಿ ಗಾಜು ಒಡೆದ ಹಳೆಯ ಫೋನು.

“ಇದರಲ್ಲಿ ನಮ್ಮಕ್ಕ ಮಾತಾಡಿದ್ದು ಏನಾದ್ರೂ ಇರಬಹುದು. ಆದ್ರೆ ಅಂಗಡಿಯವರು ಇದು ಸತ್ತೇಹೋಗಿದೆ ಅಂದ್ರು.”

ಡಿಸ್ಕಕ್ಕ ಕೈ ಒರೆಸಿಕೊಂಡು ಫೋನನ್ನು ಎರಡೂ ಕೈಯಲ್ಲಿ ಇಸಕೊಳ್ಳುತ್ತಾರೆ.

“ಒಳಗೆ ಬನ್ನಿ, ಕೂತ್ಕೊಳ್ಳಿ. ಸತ್ತಿದ್ಯೋ ಬದುಕಿದ್ಯೋ, ಅದನ್ನ ನಾನು ನೋಡಿ ಹೇಳ್ತೀನಿ.”