ಲೊರೆಟ್ಟಾ ಮನೆಯ ಮುಂಬಾಗಿಲು

ಲೊರೆಟ್ಟಾ ಕಿಯೋ ಹುಟ್ಟಿದ್ದು ನ್ಯೂಫೌಂಡ್‌ಲ್ಯಾಂಡಿನ ಒಂದು ಮೀನುಗಾರರ ಹಳ್ಳಿಯಲ್ಲಿ. ಅಲ್ಲಿ ಬಾಗಿಲು ಬಡಿಯುವ ರೂಢಿಯೇ ಇಲ್ಲ. ಯಾರಾದರೂ ಬಡಿದರೆ ಪಾದ್ರಿಯೋ ಪೊಲೀಸರೋ ಬಂದಿರಬೇಕೆಂದು ಮನೆಯವರ ಎದೆ ಧಸಕ್ಕೆನ್ನುತ್ತದೆ. ಸಮುದ್ರದಲ್ಲಿ ಮೀನು ಬರಿದಾದಾಗ ಆಕೆ ಗಂಡ ಲಿಯಾಂಡರನ ಜೊತೆ ದೂರದ ಹ್ಯಾಮಿಲ್ಟನ್ ನಗರಕ್ಕೆ ಬಂದಳು. ಆತ ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲು ಬೇಯಿಸುವ ಕುಲುಮೆಯ ಮೇಲೆ ದುಡಿದ. ಈಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದಳು. ಮಕ್ಕಳಿರಲಿಲ್ಲ. ಬಾರ್ಟನ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಒಂದು ಇಟ್ಟಿಗೆ ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದು ಇಪ್ಪತ್ತು ವರ್ಷದ ಹತ್ತಿರ ಅಲ್ಲೇ ಇದ್ದರು. ಅದೇ ಮನೆಯ ಮೇಲಿನ ಮಹಡಿಯಲ್ಲಿ ನಾನಿದ್ದೆ.

ಮನೆ ಎತ್ತೋರೆ ತೆರ್ಸಿನ್ಯಿ ಎಂಬ ಮುದುಕನದು. ಪಕ್ಕದ ಬೀದಿಯಲ್ಲಿದ್ದ. ಅವನ ಸೊಂಟದಲ್ಲಿ ನಮ್ಮೆಲ್ಲರ ಬೀಗದ ಕೈಗಳ ಗೊಂಚಲು ತೂಗುತ್ತಿತ್ತು. ಆದರೂ ನಲ್ಲಿ ಸರಿಮಾಡಲು ಬಂದಾಗಲೂ ಬೆಲ್ ಒತ್ತಿ, ಟೋಪಿ ತೆಗೆದು, ಮೆಟ್ಟಿಲ ಮೇಲೆ ಕಾಯುತ್ತಿದ್ದ. ಲೊರೆಟ್ಟಾಗೆ ಇದು ತಮಾಷೆ.

"ಒಳಗ್ ಬಾರೋ ಮಾರಾಯಾ, ನಿನ್ ಮನೆಗೆ ನೀನೇ ನೆಂಟನಾ? ನಮ್ಮೂರಲ್ಲಿ ಯಾರೂ ಬಾಗಿಲು ಬಡಿಯಲ್ಲ" ಎನ್ನುತ್ತಿದ್ದಳು.

"ನಿಮ್ಮೂರಲ್ಲಿ ಬಾಡಿಗೆ ಮನೆ ಇಲ್ವಲ್ಲ ತಾಯಿ" ಎನ್ನುತ್ತಿದ್ದ ಎತ್ತೋರೆ.

ಲಿಯಾಂಡರನ ಶ್ವಾಸಕೋಶ ಕೆಟ್ಟಿತು. ಮೊದಲು ಮೆಟ್ಟಿಲು ಹತ್ತುವುದು ನಿಂತಿತು, ಆಮೇಲೆ ಅಂಗಡಿಗೆ ಹೋಗುವುದು, ಆಮೇಲೆ ಹಾಸಿಗೆಯಿಂದ ಏಳುವುದು. ಗುಣವಾಗುವುದಿಲ್ಲವೆಂದು ವೈದ್ಯರು ನೇರವಾಗಿಯೇ ಹೇಳಿದರು. ಆತ ಕೇಳಿದ್ದು ಎರಡೇ ಮಾತು. ಸಾಯುವುದಾದರೆ ಮನೆಯಲ್ಲೇ ಸಾಯಬೇಕು. ಊರಿನಲ್ಲಿರುವ ಅಣ್ಣ ಗೆರಾಲ್ಡನಿಗೆ ವಿಷಯ ತಿಳಿಯಬಾರದು. ಅಣ್ಣನ ಹೃದಯ ಮೊದಲೇ ದುರ್ಬಲವಾಗಿತ್ತು. ಭಾನುವಾರ ಅವನ ಫೋನು ಬಂದಾಗ ಲಿಯಾಂಡರ್ ಉಸಿರು ಕೂಡಿಸಿಕೊಂಡು, "ಮಂಡಿ ನೋವು ಕಣೋ, ಅಷ್ಟೇ. ಬೇಸಿಗೆಗೆ ಬರ್ತೀನಿ" ಎನ್ನುತ್ತಿದ್ದ. ಫೋನಿಟ್ಟ ಮೇಲೆ ಬಹಳ ಹೊತ್ತು ಏದುಸಿರು ಬಿಡುತ್ತಿದ್ದ.

ಮುಂದಿನ ಕೋಣೆಯಲ್ಲಿ ಆಸ್ಪತ್ರೆಯ ಮಂಚ ಬಂತು, ಆಮ್ಲಜನಕದ ಯಂತ್ರ ಬಂತು. ಅದೇ ಚಳಿಗಾಲದಲ್ಲಿ ಎತ್ತೋರೆ ತೀರಿಕೊಂಡ. ಮನೆ ಅವನ ಮಗಳು ಗ್ರಾಜಿಯೆಲ್ಲಾಳ ಪಾಲಿಗೆ ಬಂತು.

ಗ್ರಾಜಿಯೆಲ್ಲಾ ಕೆಟ್ಟ ಹೆಂಗಸಲ್ಲ. ಲಿಯಾಂಡರನಿಗೆಂದು ಒಮ್ಮೆ ಕೋಳಿ ಸಾರು ಮಾಡಿ ತಂದಿದ್ದಳು. ಆದರೆ ಅಪ್ಪನ ಗೊಂಚಲು ಅವಳ ಕೈಗೆ ಬಂದಿತ್ತು, ಅಪ್ಪನ ಅಭ್ಯಾಸ ಬಂದಿರಲಿಲ್ಲ. ಮನೆ ಮಾರುವ ಆತುರವೂ ಇತ್ತು. ಒಂದು ದಿನ ಲೊರೆಟ್ಟಾ ಅಂಗಡಿಯಿಂದ ಬಂದರೆ ಅಡುಗೆಮನೆಯಲ್ಲಿ ಇವಳು ಸಿಂಕಿನ ಕೆಳಗೆ ಟಾರ್ಚು ಬಿಟ್ಟು ನೋಡುತ್ತಿದ್ದಾಳೆ.

"ಬೆಲ್ ಒತ್ತಿದೆ ಆಂಟಿ. ಯಾರೂ ಬರ್ಲಿಲ್ಲ."

"ಲೀ ಎದ್ದು ಬರೋ ಸ್ಥಿತೀಲಿ ಇಲ್ಲ ಅಂತ ನಿಂಗೊತ್ತಲ್ಲ ಮಗಾ."

"ಅದಕ್ಕೇ ನಾನೇ ಬಾಗಿಲು ತೆಕ್ಕೊಂಡು ಬಂದೆ. ಅವ್ರಿಗೂ ತೊಂದ್ರೆ ಆಗ್ಲಿಲ್ಲ ನೋಡಿ."

ಮುಂದಿನ ಕೋಣೆಯಲ್ಲಿ ಲಿಯಾಂಡರ್ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು ಬಾಗಿಲನ್ನೇ ನೋಡುತ್ತಿದ್ದ.

ಮನೆ ಮಾಲೀಕರು ಒಳಗೆ ಬರುವ ಮುಂಚಿನ ದಿನವೇ ಬರಹದಲ್ಲಿ ತಿಳಿಸಬೇಕು, ಗಂಟೆಯನ್ನೂ ಹೇಳಬೇಕು, ಕಾನೂನು ಹಾಗಿದೆ ಎಂದು ಮನೆಗೆ ಬರುವ ನರ್ಸ್ ಹೇಳಿದಳು. ಲೊರೆಟ್ಟಾ ಅದನ್ನು ಗ್ರಾಜಿಯೆಲ್ಲಾಗೆ ಮೆತ್ತಗೆ ಹೇಳಿದಳು. ಅಂದಿನಿಂದ ಬಾಗಿಲಿಗೆ ಚೀಟಿ ಅಂಟತೊಡಗಿತು. ಒಮ್ಮೆ ಕಿಟಕಿ ತಪಾಸಣೆ, ಒಮ್ಮೆ ಬಾಯ್ಲರ್, ಒಮ್ಮೆ ಗೋಡೆಯ ತೇವ. ಹಾಗೆ ಚೀಟಿ ಅಂಟಿಸಿ ಬಂದ ಒಂದು ದಿನ ಅವಳ ಜೊತೆ ಕ್ಯಾಮೆರಾದವನೂ ಇದ್ದ. ಗೋಡೆಯ ಚಿತ್ರ ಮಾತ್ರ ತೆಗೆಯುತ್ತೇವೆ ಎಂದರು. ಲಿಯಾಂಡರನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲೊರೆಟ್ಟಾ ಅಡುಗೆಮನೆಗೆ ತಳ್ಳಿಕೊಂಡು ಹೋದಳು.

ಮುಂದಿನ ಭಾನುವಾರ ಎಂದಿನಂತೆ ಗೆರಾಲ್ಡನ ಫೋನು ಬಂತು. ಆದರೆ ಮಾತಾಡಲಾರದೆ ಅಳುತ್ತಿದ್ದ. ಅವನ ಮೊಮ್ಮಗಳು ಇಂಟರ್ನೆಟ್ಟಿನಲ್ಲಿ ಚಿಕ್ಕಜ್ಜನ ಮನೆಯ ವಿಳಾಸ ಹುಡುಕಿದಾಗ ಮಾರಾಟದ ಜಾಹೀರಾತು ಸಿಕ್ಕಿತ್ತು. ಅದರಲ್ಲಿ ಮುಂದಿನ ಕೋಣೆಯ ಚಿತ್ರ. ಆಸ್ಪತ್ರೆಯ ಮಂಚ, ಯಂತ್ರದ ಕೊಳವೆ, ಮಂಚದ ಕೆಳಗೆ ಮೂತ್ರದ ಬಾಟಲಿ, ಗೋಡೆಯ ಮೇಲೆ ಇವರ ಮದುವೆಯ ಫೋಟೋ.

"ಇದೇನಾ ಮಂಡಿ ನೋವು?" ಎಂದು ಅಣ್ಣ ಕೇಳಿದ.

ಲಿಯಾಂಡರ್ ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಲೊರೆಟ್ಟಾ ಮೇಲೆ ಬಂದು ನನ್ನ ಕೈಯಲ್ಲಿ ಆ ಜಾಹೀರಾತು ಹುಡುಕಿಸಿ ನೋಡಿದಳು. ಸಾವಿರ ಜನ ನೋಡಿದ್ದಾರೆಂದು ಅದರ ಕೆಳಗೇ ಬರೆದಿತ್ತು. ಗ್ರಾಜಿಯೆಲ್ಲಾಗೆ ಫೋನು ಮಾಡಿದಾಗ ಅವಳು ತಬ್ಬಿಬ್ಬಾದಳು. ಸಂಜೆಯೊಳಗೆ ಆ ಚಿತ್ರವನ್ನು ಜಾಹೀರಾತಿನಿಂದ ತೆಗೆದುಹಾಕಿಸಿದಳು. ಆದರೆ ಗೆರಾಲ್ಡ್ ನೋಡಿಯಾಗಿತ್ತು. ಆಮೇಲೆ ಭಾನುವಾರದ ಫೋನಿನಲ್ಲಿ ಅಣ್ಣತಮ್ಮಂದಿರ ನಡುವೆ ಹವೆಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಅದಾದ ಮೇಲೆ ಒಂದು ಮಂಗಳವಾರ. ಮನೆ ನೋಡುವವರು ಮಧ್ಯಾಹ್ನ ಬರುತ್ತಾರೆಂದು ಚೀಟಿಯಲ್ಲಿತ್ತು. ಅಷ್ಟರೊಳಗೆ ಗಂಡನಿಗೆ ಸ್ನಾನ ಮುಗಿಸೋಣವೆಂದು ಲೊರೆಟ್ಟಾ ಬೆಳಿಗ್ಗೆಯೇ ನೀರು ಕಾಯಿಸಿದಳು. ಮಂಚದ ಮೇಲೆ ಪ್ಲಾಸ್ಟಿಕ್ ಹಾಸಿ, ಆತನ ಬಟ್ಟೆಯೆಲ್ಲ ಬಿಚ್ಚಿ, ಬೆನ್ನಿಗೆ ಸೋಪು ಹಚ್ಚಿದ್ದಳು. ಬಾಗಿಲಲ್ಲಿ ಬೀಗದ ಕೈ ತಿರುಗಿದ ಸದ್ದಾಯಿತು. ಆ ಮನೆಯ ಮುಂಬಾಗಿಲು ತೆರೆದರೆ ನೇರ ಮುಂದಿನ ಕೋಣೆ. ಗ್ರಾಜಿಯೆಲ್ಲಾ, ಅವಳ ಹಿಂದೆ ಟೊರಾಂಟೊದಿಂದ ಬೇಗ ಬಂದಿದ್ದ ಗಂಡ ಹೆಂಡತಿ, ಮೂವರೂ ಹೊಸ್ತಿಲ ಒಳಗೆ ನಿಂತಿದ್ದರು. ಹೊರಗಿನ ಚಳಿಗಾಳಿ ಒಳಗೆ ನುಗ್ಗಿತು.

ಬಂದ ಗಂಡಸು ಎಲ್ಲಿ ನೋಡಬೇಕೆಂದು ತಿಳಿಯದೆ ಸೂರು ನೋಡಿದ. ಗ್ರಾಜಿಯೆಲ್ಲಾಗೂ ಗಾಬರಿ. ಬಾಯಿಗೆ ಬಂದದ್ದು ಹೇಳಿಬಿಟ್ಟಳು: "ಸೂರು ಒಂಬತ್ತಡಿ ಎತ್ತರ ಇದೆ."

ಲೊರೆಟ್ಟಾ ಒದ್ದೆ ಟವೆಲನ್ನು ಗಂಡನ ಮೇಲೆ ಎಳೆದಳು. ಅದು ಸಾಲಲಿಲ್ಲ. ತಾನೇ ಅಡ್ಡ ನಿಂತಳು. ಅವಳ ಬೆನ್ನ ಹಿಂದಿನಿಂದ ಲಿಯಾಂಡರನ ಧ್ವನಿ ಬಂತು.

"ಬನ್ನಿ ಮಗಾ, ಒಳಗ್ ಬನ್ನಿ. ಮನೆ ಜೊತೆ ನನ್ನನ್ನೂ ಕೊಡ್ತಾರಾ ಕೇಳ್ಕೊಳ್ಳಿ."

ಬಂದ ಹೆಂಗಸು ಗಂಡನ ತೋಳು ಹಿಡಿದು ಹೊರಗೆಳೆದಳು. ಬಾಗಿಲು ಮುಚ್ಚಿದ ಮೇಲೆ ಲೊರೆಟ್ಟಾ ಸೋಪು ತೊಳೆಯಲು ಹೋದಳು. "ಸಾಕು" ಎಂದ ಲಿಯಾಂಡರ್. "ಸೋಪು ಹಾಗೇ ಇದೆ ಲೀ." "ಇರ್ಲಿ ಬಿಡು."

ಅಂದು ಸಂಜೆ ಆಕೆ ಅಂಗಡಿಯಿಂದ ಹೊಸ ಬೀಗ ತಂದಳು. ನಾನು ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿಕೊಟ್ಟೆ. ಮನೆಯ ಒಡತಿಗೆ ಬೀಗದ ಕೈ ಕೊಡದೆ ಬೀಗ ಬದಲಿಸುವುದು ತಪ್ಪೆಂದು ನಾನು ಹೇಳದೆ ಇರಲಿಲ್ಲ. "ಗೊತ್ತು ಮಗಾ. ನೀನು ಸ್ಕ್ರೂ ಬಿಗಿ ಮಾಡು" ಎಂದಳು.

ಬೀಗ ಬದಲಾದರೂ ಲಿಯಾಂಡರ್ ಬದಲಾಗಲಿಲ್ಲ. ಬಟ್ಟೆ ಬಿಚ್ಚಲು ಬಿಡಲೊಲ್ಲ. ಹೆಂಡತಿ ಅಂಗಿಯ ಗುಂಡಿಗೆ ಕೈ ಹಾಕಿದರೆ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ನರ್ಸ್ ಬೈದಳು, ಬೇಡಿದಳು. ಕಿಟಕಿಗೆ ಹೊದಿಕೆ ಹೊಡೆದರು, ಬಾಗಿಲಿಗೆ ಕುರ್ಚಿ ಒತ್ತರಿಸಿದರು. ಆತ ಒಪ್ಪಲಿಲ್ಲ. ಬೆನ್ನಿಗೆ ಹುಣ್ಣಾಯಿತು. ಕೋಣೆಯಲ್ಲಿ ವಾಸನೆ ಹಿಡಿಯಿತು. ಆ ವಾಸನೆ ಆತನಿಗೂ ಗೊತ್ತಾಗುತ್ತಿತ್ತು. ನಾನು ಹೋದಾಗ ಕಿಟಕಿ ತೆಗೆಯಲು ಹೇಳುತ್ತಿದ್ದ.

ಒಂದು ಬೆಳಿಗ್ಗೆ ಆತನೇ ಹೇಳಿದ, "ಲೊರೆಟ್ಟಾ, ಆಸ್ಪತ್ರೆಗೆ ಸೇರ್ಸು."

"ಮನೇಲೇ ಇರ್ತೀನಿ ಅಂದಿದ್ದೆ."

"ಅಲ್ಲಿ ಪರದೆ ಇದೆ."

ಆಕೆ ಆಂಬುಲೆನ್ಸಿಗೆ ಫೋನು ಮಾಡಿದಳು. ಆಂಬುಲೆನ್ಸಿನವರು ಬೆಲ್ ಒತ್ತಿದರು, ಆಕೆ ಬಾಗಿಲು ತೆರೆದಳು. ಆಸ್ಪತ್ರೆಯಲ್ಲಿ ಮಂಚದ ಸುತ್ತ ಹಸಿರು ಪರದೆ ಎಳೆದ ಮೇಲೆ ಆತ ತಾನಾಗಿ ತೋಳೆತ್ತಿ ಅಂಗಿ ಬಿಚ್ಚಲು ಬಿಟ್ಟ. ಲೊರೆಟ್ಟಾ ಅಲ್ಲೇ ಸ್ನಾನ ಮಾಡಿಸಿದಳು. ಹಿಮ ಕರಗುವ ಹೊತ್ತಿಗೆ, ಅಲ್ಲಿಯೇ, ಆತ ತೀರಿಕೊಂಡ. ಗೆರಾಲ್ಡ್ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಬೀಗ ಬದಲಿಸಿದ್ದಕ್ಕೆ ಮನೆ ಬಿಡಿಸಬೇಕೆಂದು ಗ್ರಾಜಿಯೆಲ್ಲಾ ಬಾಡಿಗೆ ವ್ಯಾಜ್ಯಗಳ ಮಂಡಳಿಗೆ ದೂರು ಕೊಟ್ಟಿದ್ದಳು. ಹೇಳಿದ ಹೊತ್ತಿಗಿಂತ ಮುಂಚೆಯೇ ಒಳನುಗ್ಗಿದ್ದಕ್ಕೆ ಲೊರೆಟ್ಟಾ ದೂರು ಕೊಟ್ಟಳು. ಮಣ್ಣಾದ ಮೇಲೆ ಎರಡೂ ಒಟ್ಟಿಗೆ ವಿಚಾರಣೆಗೆ ಬಂದವು. ನಾನು ಸಾಕ್ಷಿಗೆ ಹೋಗಿದ್ದೆ. ಗ್ರಾಜಿಯೆಲ್ಲಾ ಕಪ್ಪು ಕೋಟು ತೊಟ್ಟಿದ್ದಳು. ಅಂತ್ಯಕ್ರಿಯೆಗೆ ಹೂವನ್ನೂ ಕಳಿಸಿದ್ದಳು.

"ಆಂಟಿ, ನೀವೇ ಅಪ್ಪನ ಹತ್ರ ಹೇಳ್ತಿದ್ರಲ್ಲ, ನಮ್ಮೂರಲ್ಲಿ ಯಾರೂ ಬಾಗಿಲು ಬಡಿಯಲ್ಲ ಅಂತ. ನಾನು ನಿಮ್ಮನ್ನ ಬೇರೆಯವ್ರು ಅಂದ್ಕೊಂಡಿರ್ಲಿಲ್ಲ" ಎಂದಳು. ಸುಳ್ಳು ಹೇಳುತ್ತಿದ್ದಂತೆ ಕಾಣಲಿಲ್ಲ.

ಲೊರೆಟ್ಟಾ ಅವಳನ್ನೇ ನೋಡಿದಳು. "ನಮ್ಮೂರಲ್ಲಿ ಬಡೀದೆ ಬಂದವ್ರು ಒಲೆ ಹತ್ರ ಕೂತು ಚಾ ಕುಡೀತಾರೆ ಮಗಾ. ಮನೇಲಿ ಕಾಯಿಲೆಯವ್ರಿದ್ರೆ ಕೈ ಹಿಡ್ಕೋತಾರೆ. ಯಾರೂ ಸೂರು ಎಷ್ಟೆತ್ತರ ಅಂತ ಹೇಳಲ್ಲ."

ನಿಮಗೇನು ಬೇಕು ಎಂದು ವಿಚಾರಣಾಧಿಕಾರಿ ಕೇಳಿದ. ಲೊರೆಟ್ಟಾ ಗ್ರಾಜಿಯೆಲ್ಲಾಳ ಕಡೆ ಕೈ ತೋರಿಸಿದಳು. "ಆವತ್ತು ಬಾಗಿಲು ತೆಗೆದೋಳು ತಾನೇ ಅಂತ ಅವ್ಳು ಹೇಳ್ಲಿ. ಬೆಲ್ ಒತ್ಲಿಲ್ಲ ಅಂತ್ಲೂ ಹೇಳ್ಲಿ."

ಗ್ರಾಜಿಯೆಲ್ಲಾ ತಲೆ ತಗ್ಗಿಸಿ ಹೇಳಿದಳು. ಕೋಣೆಯಲ್ಲಿ ಇದ್ದವರಿಗೆಲ್ಲ ಕೇಳಿಸಿತು. ಒಳಬಂದದ್ದು ತಪ್ಪು, ಪರಿಹಾರ ಕೊಡಬೇಕು ಎಂದು ತೀರ್ಪಾಯಿತು. ಬೀಗ ಬದಲಿಸಿದ್ದೂ ತಪ್ಪು, ಹೊಸ ಬೀಗದ ಕೈಯನ್ನು ಮನೆಯ ಒಡತಿಗೆ ಕೊಡಬೇಕು ಎಂದೂ ಆಯಿತು. ಲೊರೆಟ್ಟಾ ಅಲ್ಲೇ ಚೀಲದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಗ್ರಾಜಿಯೆಲ್ಲಾ ಅದನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಕೊನೆಗೆ ಅಲ್ಲಿನ ಗುಮಾಸ್ತನೇ ಅವಳ ಕಡೆ ಸರಿಸಿದ.

ಬಸ್ಸಿನಲ್ಲಿ ವಾಪಸು ಬರುವಾಗ, "ಗೆದ್ರಲ್ಲ" ಎಂದೆ.

"ಯಾರಿಗೆ ಹೇಳ್ಲಿ?" ಎಂದಳು.

ಬೇಸಿಗೆಯಲ್ಲಿ ಮನೆ ಮಾರಾಟವಾಯಿತು. ಕೊಂಡವನು ತಾನೇ ವಾಸಕ್ಕೆ ಬರುತ್ತೇನೆಂದ. ಅದಕ್ಕೆ ಕಾನೂನಿನಲ್ಲಿ ಎದುರು ಮಾತಿಲ್ಲ. ಅವಧಿ ಕೊಟ್ಟು ಬಿಡಿಸಿದ. ನಾನು ಗುಡ್ಡದ ಮೇಲಿನ ಬಡಾವಣೆಗೆ ಹೋದೆ. ಲೊರೆಟ್ಟಾ ವಯಸ್ಸಾದವರಿಗೆಂದೇ ಕಟ್ಟಿದ ಎತ್ತರದ ಕಟ್ಟಡದಲ್ಲಿ ಒಂದೇ ಕೋಣೆಯ ಮನೆ ಹಿಡಿದಳು. ಊರಿಗೆ ಬಾ ಎಂದು ಗೆರಾಲ್ಡ್ ಕರೆದ. ಲೀಯನ್ನು ಇಲ್ಲಿ ಮಣ್ಣು ಮಾಡಿದ್ದೇನೆ, ಹೇಗೆ ಬರಲಿ ಎಂದಳಂತೆ.

ಆ ಕಟ್ಟಡದಲ್ಲಿ ಆಗಾಗ ಹೊಗೆಯ ಅಲಾರಂ ಪರೀಕ್ಷೆಗೆ ಜನ ಬರುತ್ತಾರೆ. ಮುಂಚೆಯೇ ತಿಳಿಸುತ್ತಾರೆ, ಬಡಿಯುತ್ತಾರೆ. ತೆರೆಯದಿದ್ದರೆ ತಮ್ಮ ಬಳಿಯ ಬೀಗದ ಕೈ ಹಾಕಿ ಒಳಬರುತ್ತಾರೆ. ಅಂಥ ಒಂದು ದಿನ ಗೊತ್ತಿಲ್ಲದೆ ನಾನು ಹೋಗಿ ಬಡಿದೆ, ತಕ್ಷಣ ಬಾಗಿಲು ತೆರೆಯಿತು. ಲೊರೆಟ್ಟಾ ಕೋಟು ತೊಟ್ಟು, ಬೂಟು ಹಾಕಿ, ಬಾಗಿಲಿಗೆ ಒಂದು ಗೇಣು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ಹೊರಗೆ ಹೊರಟಿದ್ದೀರಾ?" ಎಂದೆ.

"ಇಲ್ಲ. ಅವ್ರು ಬರ್ತಾರೆ. ಅವ್ರು ಕೀ ಹಾಕೋಕೆ ಮುಂಚೆ ನಾನೇ ತೆಗೀಬೇಕು."

ಒಲೆಯ ಮೇಲೆ ಬಟಾಣಿ ಸೂಪು ಆರಿ ಕೆನೆಗಟ್ಟಿತ್ತು. ಬಿಸಿ ಮಾಡಿಕೊಡುತ್ತೇನೆ, ತಿನ್ನಿ ಎಂದೆ. ಅವರು ಹೋಗಲಿ ಎಂದಳು. ನಾನು ಮಂಚದ ಅಂಚಿನಲ್ಲಿ ಕೂತೆ. ಕಾರಿಡಾರಿನಲ್ಲಿ ಪಕ್ಕದ ಮನೆಯ ಬಾಗಿಲು ಬಡಿಯುವುದು ಕೇಳಿಸಿತು. ಲೊರೆಟ್ಟಾ ಎದ್ದು ನಿಂತು ಚಿಲಕದ ಮೇಲೆ ಕೈಯಿಟ್ಟಳು.