ಇಪ್ಪತ್ತು ಹೆಜ್ಜೆ ದೂರದ ಅತ್ತೆ

ಸರಕು ನೋಡುವ ಕಣ್ಣಿನಿಂದ ನೋಡಿದರೆ ಬೋರ್ಡಕ್ಕ ಯಾರೂ ಮುಗಿಬಿದ್ದು ಕೊಳ್ಳುವ ಮಾಲಲ್ಲ. ಎತ್ತರ ಐದಡಿಗೆ ಎರಡು ಬೆರಳು ಕಮ್ಮಿ. ತೂಕ, ಎರಡೂ ಕೈಯಲ್ಲಿ ಬಣ್ಣದ ಡಬ್ಬ ಇದ್ದರೂ ಐವತ್ತು ಕೆಜಿ ದಾಟುವುದಿಲ್ಲ. ವಯಸ್ಸು ಐವತ್ತೆರಡು, ಕೇಳಿದವರಿಗೆ ನಲವತ್ತೆಂಟು, ಎರಡನೇ ಸಲ ಕೇಳಿದವರಿಗೆ ಬೈಗುಳ. ಬಲ ಮೊಣಕಾಲು ಏಣಿ ಹತ್ತುವಾಗ ಕಟಕಟ ಅನ್ನುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ನಾಲಿಗೆ ಮಾತ್ರ ಹೊಸದರ ಹಾಗೇ ಇದೆ, ಎಷ್ಟು ಬಳಸಿದರೂ ಸವೆದಿಲ್ಲ. ಒಟ್ಟಿನಲ್ಲಿ ಹೊರಗಿನ ಪ್ಯಾಕಿಂಗ್ ಮಾಸಿದ, ಒಳಗಿನ ಮಾಲು ಕೆಡದ ಸರಕು. ಬಣ್ಣದಂಗಡಿಯವನಾದ ನಾನು ಇಪ್ಪತ್ತಾರು ವರ್ಷ ಅವರಿಗೆ ಎನಾಮೆಲ್ ಮಾರಿದ್ದೇನೆ. ನನ್ನ ಅಳತೆಯಲ್ಲಿ ಹೆಚ್ಚುಕಡಿಮೆ ಇರಲಾರದು.

ಅಂಗಡಿಗಳ ನೆತ್ತಿಯ ಮೇಲೆ ಹೆಸರು ಬರೆಯುವುದು ಅವರ ಕಸುಬು. ಬರೆಯುವ ರೀತಿಯೇ ಒಂದು ತಮಾಷೆ. ಎರಡು ಗೆರೆ ಎಳೆಯುವುದು, ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು ಏಣಿ ಇಳಿಯುವುದು, ಸ್ಕೂಟರುಗಳಿಗೆ ಕೈ ತೋರಿಸಿ ರಸ್ತೆ ದಾಟುವುದು, ಆಚೆ ಬದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುವುದು, "ಥೂ" ಅಂತಲೋ "ಹೂಂ" ಅಂತಲೋ ಅನ್ನುವುದು, ಮತ್ತೆ ರಸ್ತೆ ದಾಟಿ ಏಣಿ ಹತ್ತುವುದು. ಏಣಿಯ ಮೇಲಿದ್ದಾಗ ತಾವು ಬರೆದದ್ದನ್ನು ಅವರು ನೋಡುವುದೇ ಇಲ್ಲ.

"ಹತ್ತಿರದಿಂದ ಬೋರ್ಡು ಓದೋನು ಆಗಲೇ ಅಂಗಡಿ ಒಳಗೆ ಕಾಲಿಟ್ಟಾಗಿದೆ. ಅವನಿಗ್ಯಾಕೆ ಬರೀಬೇಕು? ನಾನು ಬರೆಯೋದು ರಸ್ತೆ ಆಚೆ ಇರೋನಿಗೆ" ಎನ್ನುತ್ತಿದ್ದರು.

ಗಂಡ ಗಡಿಯಾರ ರಿಪೇರಿಯವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅರ್ಧ ಇಂಚಿನ ದೂರದಿಂದ ಲೋಕವನ್ನು ನೋಡುವವರು. ಹೆಂಡತಿಯದು ಇಪ್ಪತ್ತು ಹೆಜ್ಜೆಯ ಕೆಲಸ, ಗಂಡನದು ಅರ್ಧ ಇಂಚಿನದು. ಸಂಸಾರ ಈ ಎರಡರ ನಡುವೆ ಎಲ್ಲೋ ಹೇಗೋ ನಡೆದುಕೊಂಡು ಹೋಗುತ್ತಿತ್ತು.

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನ ಪ್ರಿಂಟ್ ಕೈಗೆ. ಬೋರ್ಡಕ್ಕ ಬರೆದ ತಗಡುಗಳು ಒಂದೊಂದಾಗಿ ಕೆಳಗಿಳಿದು ಯಾರದೋ ಶೆಡ್ಡಿನ ಗೋಡೆಯಾದವು, ಯಾರದೋ ನೀರಿನ ಡ್ರಮ್ಮಿನ ಮುಚ್ಚಳವಾದವು. ಒಂದು ದಿನ ಪೇಟೆಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕತ್ತು ಎತ್ತಿಕೊಂಡು ನಡೆದು ನೋಡಿದರು. ಇಪ್ಪತ್ತಾರು ವರ್ಷದ ಕೈಬರಹದಲ್ಲಿ ಒಂದೇ ಒಂದು ಅಕ್ಷರವೂ ಉಳಿದಿರಲಿಲ್ಲ.

ಆ ವಾರವೇ ವಲಯ ಮಟ್ಟದ ಚಿತ್ರಕಲಾ ಸ್ಪರ್ಧೆಯ ಪ್ರಕಟಣೆ ಕಣ್ಣಿಗೆ ಬಿತ್ತು. ಅದರಲ್ಲಿ ಹತ್ತು ನಿಯಮಗಳಿದ್ದವು. ಬೋರ್ಡಕ್ಕ ಓದಿದ್ದು ಒಂದನ್ನೇ: ಮೊದಲ ಬಹುಮಾನ ಪಡೆದ ಚಿತ್ರವನ್ನು ಸಭಾಂಗಣದ ಗೋಡೆಯ ಮೇಲೆ ಕಾಯಂ ಆಗಿ ಇಡಲಾಗುವುದು.

"ಕಾಯಂ ಅಂತೆ" ಎಂದರು ಗಂಡನಿಗೆ.

"ಕಾಯಂ ಅಂದ್ರೆ?"

"ಯಾರೂ ಕಿತ್ತು ಡ್ರಮ್ಮಿಗೆ ಮುಚ್ಚೋ ಹಾಗಿಲ್ಲ ಅಂತ."

ಆರಡಿಗೆ ನಾಲ್ಕಡಿಯ ತಗಡು ತಂದರು. ಬರೆಯಲು ಸಿಕ್ಕಿದ್ದು ಅತ್ತೆ. ಎಂಬತ್ತರ ಹತ್ತಿರದ ಆ ಮುದುಕಿ ಸೂಜಿಗೆ ದಾರ ಪೋಣಿಸುವುದಕ್ಕೆ ದಿನಾ ಹೋರಾಡುತ್ತಿದ್ದರು. ಬೇರೆಯವರು ಪೋಣಿಸಿಕೊಡಲು ಬಂದರೆ ಕೈಗೆ ಸೂಜಿ ಚುಚ್ಚುತ್ತಿದ್ದರು. ಬೋರ್ಡಕ್ಕ ತಗಡನ್ನು ಮನೆಯ ಗೋಡೆಗೆ ಒರಗಿಸಿ, ಅತ್ತೆಯನ್ನು ಜಗಲಿಯ ಮೇಲೆ ಕೂರಿಸಿ, ತಮ್ಮ ರೂಢಿಯಂತೆ ಎರಡು ಗೆರೆಗೊಮ್ಮೆ ರಸ್ತೆ ದಾಟುತ್ತಾ ಹನ್ನೊಂದು ದಿನ ಬರೆದರು.

ಮೊದಲ ಸುತ್ತಿಗೆ ಚಿತ್ರದ ಫೋಟೋ ಕಳಿಸಿದರೆ ಸಾಕಿತ್ತು. ಆರಡಿಯ ತಗಡು ಅಂಗೈಯಗಲದ ಫೋಟೋದಲ್ಲಿ ಕೂತರೆ ಅದು ರಸ್ತೆಯಾಚೆಯಿಂದ ನೋಡಿದ ಹಾಗೇ ಅಲ್ಲವೇ? ಅತ್ತೆ ಜೀವಂತ ಕೂತಂತಿತ್ತು. ನೂರಾ ನಲವತ್ತು ಚಿತ್ರಗಳಲ್ಲಿ ಹನ್ನೆರಡು ಅಂತಿಮ ಸುತ್ತಿನ ಪ್ರದರ್ಶನಕ್ಕೆ ಆಯ್ಕೆಯಾದವು. ಅದರಲ್ಲಿ ಅತ್ತೆಯೂ ಇದ್ದರು.

ತೊಂದರೆ ಶುರುವಾಗಿದ್ದು ತಗಡು ಸಭಾಂಗಣಕ್ಕೆ ಬಂದ ದಿನ. ಉಳಿದ ಹನ್ನೊಂದು ಚಿತ್ರಗಳು ಮೊಣಕೈ ಉದ್ದದವು, ಚಂದದ ಕಟ್ಟು ಹಾಕಿದವು. ಸಭಾಂಗಣದ ಮೇಲ್ವಿಚಾರಕರು ತಗಡನ್ನು ಮೇಲಿನಿಂದ ಕೆಳಗೆ ನೋಡಿ, "ಇದನ್ನ ನೇತುಹಾಕಿದ್ರೆ ಗೋಡೆನೇ ಇಳಿದು ಬರುತ್ತೆ ಕಣಮ್ಮ" ಅಂದವರೇ ಕಾರಿಡಾರಿನ ತುದಿಗೆ ಸಾಗಿಸಿ ನಿಲ್ಲಿಸಿಬಿಟ್ಟರು. ಆ ಕಾರಿಡಾರು ಸಭಾಂಗಣದ ಪಕ್ಕದ ಬಾಗಿಲಿನಿಂದ ಹಿಂದಿನ ಗೇಟಿನವರೆಗೆ ಉದ್ದಕ್ಕೆ ಹೋಗುತ್ತದೆ. ಚಿತ್ರ ನಿಂತದ್ದು ಬಾಗಿಲ ಕಡೆಯ ತುದಿಯಲ್ಲಿ. ಆದರೆ ಅದರಿಂದ ನಾಲ್ಕಡಿ ಆಚೆಗೇ ಮಡಚುವ ಕುರ್ಚಿಗಳನ್ನು ಸೂರಿನ ತನಕ ಪೇರಿಸಿಟ್ಟಿದ್ದರು. ನೋಡುವವರು ಬಾಗಿಲಿನಿಂದ ಹೊರಬಂದರೆ ಚಿತ್ರ ಮೂಗಿಗೇ ತಾಗುತ್ತಿತ್ತು. ಹಿಂದೆ ಸರಿದರೆ ಬೆನ್ನಿಗೆ ಕುರ್ಚಿ.

ಪ್ರದರ್ಶನದ ಮೊದಲ ದಿನ ಬೋರ್ಡಕ್ಕ ಅತ್ತೆಯನ್ನೂ ಗಂಡನನ್ನೂ ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಮುದುಕಿ ಕನ್ನಡಕ ಏರಿಸಿ ನೋಡಿದರು. ಕೆನ್ನೆಯಿದ್ದ ಕಡೆ ಹಸಿರು ಮೆತ್ತಿಗೆ, ಹಣೆಯಿದ್ದ ಕಡೆ ಕಿತ್ತಳೆ ಪಟ್ಟೆ, ಕಣ್ಣಿನ ಜಾಗದಲ್ಲಿ ಒಂದು ನೀಲಿ ಮಚ್ಚೆ.

"ನನ್ನ ಮುಖಕ್ಕೆ ಪಾಚಿ ಕಟ್ಟಿದೆಯೇನೇ?"

"ಅತ್ತೆ, ದೂರದಿಂದ ನೋಡಬೇಕು ಅದನ್ನ."

"ನಿನ್ನ ಮದುವೆಯಾದಾಗಿಂದ ನಾನೂ ಅದೇ ಅಂದ್ಕೊಳ್ತಿದ್ದೀನಿ, ನಿನ್ನನ್ನ ದೂರದಿಂದಲೇ ನೋಡಬೇಕು ಅಂತ."

ಗಂಡ ಭೂತಗನ್ನಡಿ ಇಲ್ಲದೆಯೂ ಹತ್ತಿರ ಹೋಗಿ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. ಅಂತಿಮ ಸುತ್ತಿನ ಹನ್ನೆರಡು ಮಂದಿಯಲ್ಲಿ ಒಬ್ಬರಾದ ಡ್ರಾಯಿಂಗ್ ಮೇಷ್ಟ್ರು, ಮೂರು ಮಡಕೆಗಳ ಚಿತ್ರ ಬರೆದಿದ್ದವರು, ಬಿಳಿ ಶರ್ಟಿನ ತೋಳು ಸರಿಮಾಡಿಕೊಳ್ಳುತ್ತಾ ಬಂದು, "ಪ್ರೈಮರ್ ಚೆನ್ನಾಗಿ ಹೊಡೆದಿದ್ದೀರಿ ಅಕ್ಕ. ಚಿತ್ರ ಯಾವಾಗ ಶುರು ಮಾಡ್ತೀರಿ?" ಅಂದರು. ಸುತ್ತ ನಿಂತವರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ.

ಬೋರ್ಡಕ್ಕ ಬಗ್ಗಿ ಆ ಹಸಿರು ಮೆತ್ತಿಗೆಯನ್ನೇ ನೋಡಿದರು. ಅವರ ನಾಲಿಗೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಾವು ಬರೆದದ್ದನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದೂ ಅದೇ ಮೊದಲು. ತೀರ್ಪುಗಾರರು ಭಾನುವಾರ ಹತ್ತೂವರೆಗೆ ಬರುವವರಿದ್ದರು. ಮುಂದಿನ ಗೇಟಿನಿಂದ ಬಂದು, ಸಭಾಂಗಣ ಸುತ್ತಿ, ಕೊನೆಗೆ ಪಕ್ಕದ ಬಾಗಿಲಿನಿಂದ ಹೊರಬಂದು ಪಾಚಿ ನೋಡುತ್ತಾರೆ. ಅಲ್ಲಿಗೆ ಕಾಯಂ ಗೋಡೆ ಕೈತಪ್ಪಿತು.

ಚಿತ್ರವನ್ನು ಬೇರೆ ಕಡೆ ಇಡಿ ಎಂದು ಮೇಲ್ವಿಚಾರಕರನ್ನು ಬೇಡಿದರು. "ನಿಯಮದಲ್ಲಿ ಅವಕಾಶ ಇಲ್ಲ" ಎಂಬ ಉತ್ತರ ಬಂತು. "ಹಾಗಾದ್ರೆ ಆ ಕುರ್ಚಿಗಳನ್ನಾದರೂ ಒಳಗೆ ಸಾಲಾಗಿ ಹಾಕ್ಲಾ? ಭಾನುವಾರ ಜನ ಬರ್ತಾರೆ, ಕೂರೋಕೆ ಬೇಕಲ್ಲ" ಎಂದು ಕೇಳಿದರು. ಬಿಟ್ಟಿ ಕೆಲಸಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. "ಧಾರಾಳವಾಗಿ" ಅಂದರು ಮೇಲ್ವಿಚಾರಕರು.

ಶನಿವಾರ ಸಂಜೆಯೊಳಗೆ ಗಂಡ ಹೆಂಡತಿ ಸೇರಿ ನೂರಿಪ್ಪತ್ತು ಕುರ್ಚಿ ಒಳಗೆ ಸಾಗಿಸಿದರು. ಕಾರಿಡಾರು ಈ ತುದಿಯಿಂದ ಆ ತುದಿಗೆ ಖಾಲಿಯಾಯಿತು. ಆಮೇಲೆ ಬೋರ್ಡಕ್ಕ ನನ್ನ ಅಂಗಡಿಗೆ ಬಂದು ಒಂದು ಲೀಟರ್ ಹಸಿರು ಎನಾಮೆಲ್ ಕೇಳಿದರು.

"ಎಷ್ಟು ಹೊತ್ತಿಗೆ ಒಣಗುತ್ತೆ?"

"ನಾಲ್ಕು ಗಂಟೆ. ಗ್ಯಾರಂಟಿ" ಎಂದೆ ಹೆಮ್ಮೆಯಿಂದ.

"ಸ್ವಲ್ಪ ನಿಧಾನವಾಗಿ ಒಣಗೋದು ಇಲ್ವಾ?"

ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರೂ ಕೇಳದ ಗುಣ ಅದು.

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಸಭಾಂಗಣದ ಮುಂದಿನ ಕಬ್ಬಿಣದ ಗೇಟು ಹಸಿರಾಗಿ ಹೊಳೆಯುತ್ತಿತ್ತು. ಅದರ ಮುಂದೆ ಒಂದು ಹಲಗೆ: "ಬಣ್ಣ ಹಸಿ ಇದೆ. ದಯವಿಟ್ಟು ಹಿಂದಿನ ಗೇಟಿನಿಂದ ಬನ್ನಿ." ಕೆಳಗೊಂದು ಬಾಣ. ಅದೆಂಥ ಬಾಣ ಅಂದರೆ, ನೋಡಿದವರ ಕಾಲು ಕೇಳದೆಯೇ ಅತ್ತ ತಿರುಗುತ್ತಿತ್ತು. ತಿರುಗದವರು ಡ್ರಾಯಿಂಗ್ ಮೇಷ್ಟ್ರು ಒಬ್ಬರೇ. ಎಂಟು ಗಂಟೆಗೆ, ಇಂಥ ಬೋರ್ಡು ಎಷ್ಟು ನೋಡಿಲ್ಲ ಎಂಬಂತೆ ಗೇಟು ತಳ್ಳಿಕೊಂಡು ಒಳಗೆ ಬಂದರು. ಬಿಳಿ ಶರ್ಟಿನ ಮೇಲೆ ಎಡಗಡೆ ಐದು ಹಸಿರು ಸರಳು, ಬಲಗಡೆ ನಾಲ್ಕು.

ಮೇಲ್ವಿಚಾರಕರು ಬಂದು ನೋಡಿ ಹೌಹಾರಿದರು. "ಯಾರ್ರೀ ಗೇಟಿಗೆ ಬಣ್ಣ ಹೊಡೆದದ್ದು?"

"ನಾನೇ ಸರ್. ತುಕ್ಕು ಹಿಡಿದಿತ್ತು, ನೋಡೋಕಾಗ್ತಿರಲಿಲ್ಲ" ಎಂದರು ಬೋರ್ಡಕ್ಕ.

"ಇವತ್ತೇ ಹೊಡೀಬೇಕಿತ್ತಾ?"

"ಇವತ್ತೇ ಅಲ್ವಾ ದೊಡ್ಡವರು ಬರೋದು?"

ನಾನು ಒಂಬತ್ತಕ್ಕೆ ಹೋದೆ. ಬಾಣ ಹೇಳಿದಂತೆ ಹಿಂದಿನ ಗೇಟಿಗೆ ಸುತ್ತಿಬಂದು ಕಾರಿಡಾರಿಗೆ ಕಾಲಿಟ್ಟೆ. ತುದಿಯಲ್ಲಿ ಬೋರ್ಡಕ್ಕನ ಅತ್ತೆ ಸೂಜಿ ಎತ್ತಿ ಹಿಡಿದಿದ್ದರು. ಒಂದು ಕಣ್ಣು ಕಿರಿದಾಗಿತ್ತು, ತುಟಿ ಮೊನಚಾಗಿ ಮುಂದಕ್ಕೆ ಬಂದಿತ್ತು, ದಾರದ ತುದಿ ಸೂಜಿಯ ಕಣ್ಣಿನ ಹತ್ತಿರ ಹತ್ತಿರ ಹೋಗಿ ಇನ್ನೂ ಹೊಕ್ಕಿರಲಿಲ್ಲ. ನನಗೆ ಉಸಿರು ಬಿಡಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ನಾನೂ ತುಟಿ ಚೂಪು ಮಾಡಿಕೊಂಡು ನಿಂತಿದ್ದೆ.

ತೀರ್ಪುಗಾರರು ಹತ್ತೂವರೆಗೆ ಬರಲಿಲ್ಲ. ಹನ್ನೊಂದಾಯಿತು. ನನ್ನ ಎನಾಮೆಲ್ ತನ್ನ ಗ್ಯಾರಂಟಿಗೆ ತಕ್ಕಂತೆ ಒಣಗಿ ಗರಿಗರಿಯಾಯಿತು. ಹನ್ನೊಂದೂಕಾಲಿಗೆ ಕಾರು ಬಂದು ಮುಂದಿನ ಗೇಟಿನ ಎದುರು ನಿಂತಿತು. ಮೇಲ್ವಿಚಾರಕರು ಓಡಿಹೋಗಿ ಗೇಟಿನ ಸರಳಿಗೆ ಬೆರಳು ಒತ್ತಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಒಣಗಿದೆ! ಒಣಗಿದೆ! ಹೀಗೇ ಬನ್ನಿ ಮೇಡಂ" ಎಂದು ಕೂಗಿದರು.

ಬೋರ್ಡಕ್ಕನ ಮುಖ ಬಿಳಿಚಿಕೊಂಡಿತು. ಅವರು ನನ್ನ ಕಡೆ ನೋಡಿದರು.

"ಮೇಲೆ ಒಣಗಿದೆ ಅಷ್ಟೇ" ಎಂದೆ ನಾನು. "ಒಳಗೆ ಹಸಿ ಇರುತ್ತೆ. ಬಿಸಿಲಿಗೆ ಮೆತ್ತಗಾಗಿ ಬಟ್ಟೆಗೆ ಹಿಡಿದರೆ ನನ್ನನ್ನ ಕೇಳಬೇಡಿ."

"ನಿಮ್ಮಂಗಡಿ ಬಣ್ಣ ಇಷ್ಟು ಕಳಪೆನಾ?" ಎಂದರು ಮೇಲ್ವಿಚಾರಕರು, ಹತ್ತು ಜನರ ಎದುರಿಗೆ.

"ಏನು ಮಾಡೋದು, ಬರೋ ಮಾಲೇ ಹಾಗೆ" ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ. ಡ್ರಾಯಿಂಗ್ ಮೇಷ್ಟ್ರ ಶರ್ಟು ಪಕ್ಕದಲ್ಲೇ ಸಾಕ್ಷಿಗೆ ನಿಂತಿತ್ತು. ಕಾರು ಹಿಂದಿನ ಗೇಟಿಗೆ ತಿರುಗಿತು.

ಮೂವರು ತೀರ್ಪುಗಾರರು. ಮುಖ್ಯಸ್ಥೆ ಊರುಗೋಲು ಹಿಡಿದ ಎತ್ತರದ ಹೆಂಗಸು. ಕಾರಿಡಾರಿನ ಬಾಯಲ್ಲಿ ಅವರ ಊರುಗೋಲು ನಿಂತಿತು. ಹಿಂದಿದ್ದ ಇಬ್ಬರೂ ನಿಂತರು. ಮೂರು ದೊಡ್ಡ ಮನುಷ್ಯರು ಮೂರು ತುಟಿಗಳನ್ನು ಚೂಪು ಮಾಡಿಕೊಂಡು, ಯಾರದೋ ಅತ್ತೆಯ ದಾರ ಸೂಜಿಯೊಳಗೆ ಹೋಗಲೆಂದು ಕಾಯುತ್ತಿದ್ದರು. ಆಮೇಲೆ ಮುಖ್ಯಸ್ಥೆ ಒಂದೊಂದೇ ಹೆಜ್ಜೆ ಮುಂದೆ ಬಂದರು. ಚಿತ್ರದ ಮುಖ ಒಡೆದು ಹಸಿರು-ಕಿತ್ತಳೆ ಮೆತ್ತಿಗೆಯಾಯಿತು. ಹಿಂದೆ ಹೋದರು, ಮುಖ ಕೂಡಿಕೊಂಡಿತು. ಮತ್ತೆ ಮುಂದೆ, ಮತ್ತೆ ಹಿಂದೆ. ಹಿಂದಿದ್ದವರ ಕಾಲು ತುಳಿದರು.

"ಇದನ್ನ ಬರೆದವರು ಯಾರು?"

ಬೋರ್ಡಕ್ಕ ಮುಂದೆ ಬಂದರು.

"ಗೇಟಿನ ಮುಂದೆ ಇರೋ ಹಲಗೆ ಬರೆದವರು?"

ಬೋರ್ಡಕ್ಕ ಹಸಿರು ಮೆತ್ತಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಬಾಣದ ತುದೀಲಿ ಬ್ರಷ್ ತಿರುಗಿಸಿದ್ದೀರಲ್ಲ, ಈ ಅಜ್ಜಿ ಬೆರಳಲ್ಲೂ ಅದೇ ತಿರುವು ಇದೆ. ಸುಳ್ಳು ಹೇಳಬೇಡಿ."

"ನಾನೇ ಮೇಡಂ."

"ಗೇಟಿಗೆ ಬಣ್ಣ ಹೊಡೆದದ್ದು?"

"ಅದೂ ನಾನೇ. ಬೋರ್ಡು ಸುಳ್ಳು ಹೇಳಬಾರದಲ್ಲ. ಹಸಿ ಇದೆ ಅಂತ ಬರೆದ ಮೇಲೆ ಹಸಿ ಇರಬೇಕು."

"ಮುಂದಿನ ಬಾಗಿಲಿಂದ ನಾವು ಬಂದಿದ್ರೆ ಏನಾಗ್ತಿತ್ತು?"

"ಪಾಚಿ ನೋಡಿ ಹೋಗ್ತಿದ್ರಿ" ಎಂದರು ಹಿಂದಿನಿಂದ, ಮಗನ ಜೊತೆ ಬಂದು ನಿಂತಿದ್ದ ಅತ್ತೆ.

ತೀರ್ಪುಗಾರರು ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಒಳಗೆ ದನಿ ಏರುವುದು ಕೇಳುತ್ತಿತ್ತು. ಇದು ಮೋಸ ಎಂದು ಒಬ್ಬರು, ಚಿತ್ರವನ್ನು ಆ ಮೂಲೆಯಲ್ಲಿಟ್ಟದ್ದೇ ಮೋಸ ಎಂದು ಇನ್ನೊಬ್ಬರು. ಬೋರ್ಡಕ್ಕ ಕಾರಿಡಾರಿನ ನೆಲದ ಮೇಲೆ ಕೂತು ಉಗುರಿನ ಹಸಿರು ಕೆರೆಯುತ್ತಿದ್ದರು. ಗಂಡ ಗಡಿಯಾರ ನೋಡುತ್ತಿದ್ದರು. ಅದೊಂದು ಅವರಿಗೆ ಬರುವ ಕೆಲಸ.

ಹೊರಬಂದ ಮುಖ್ಯಸ್ಥೆ ಹೇಳಿದ್ದು ಇಷ್ಟೇ: ಮೂವರಲ್ಲಿ ಇಬ್ಬರ ಒಪ್ಪಿಗೆಯಿಂದ ಮೊದಲ ಬಹುಮಾನ ಸೂಜಿಯ ಅಜ್ಜಿಗೆ, ಎರಡನೆಯದು ಮಡಕೆಗಳಿಗೆ. ಆಮೇಲೆ ಊರುಗೋಲಿನಿಂದ ಹೊರಗೆ ತೋರಿಸಿದರು. "ಗೇಟಿನ ಒಳಬದಿ ಹಾಗೇ ಬಿಟ್ಟಿದ್ದೀರಿ. ಅದು ನಿಮಗೆ ದಂಡ. ನಾಳೆ ಬಂದು ಮುಗಿಸಿ."

ಬೋರ್ಡಕ್ಕ ಮರುದಿನ ಬಂದು ಮುಗಿಸಿದರು. ತಗಡು ಈಗ ಸಭಾಂಗಣದ ದೂರದ ಗೋಡೆಯ ಮೇಲಿದೆ. ಗೋಡೆ ಇಳಿದು ಬಂದಿಲ್ಲ. ವಾರಕ್ಕೊಮ್ಮೆ ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಹತ್ತಿರ ಹೋಗಿ ನೋಡುವವರನ್ನು ಗದರಿಸಿ ವಾಪಸು ಕರೆಯುತ್ತಾರೆ.

ನನ್ನ ಅಂಗಡಿಯ ಬಣ್ಣ ಒಣಗುವುದಿಲ್ಲ ಎಂಬ ಮಾತು ಪೇಟೆಯಲ್ಲಿ ಎರಡು ತಿಂಗಳು ಓಡಾಡಿತು. ಅದನ್ನು ನಾನು ಸಹಿಸಿಕೊಂಡೆ. ಈಗ ಗಿರಾಕಿ ಶೇಡ್ ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡು ಆರಿಸಲು ಹೊರಟರೆ, ಕಾರ್ಡನ್ನು ಕಸಿದು ಬಾಗಿಲಿಗೆ ಸಿಕ್ಕಿಸಿ, ರಸ್ತೆಯಾಚೆ ಹೋಗಿ ನೋಡಿಕೊಂಡು ಬನ್ನಿ ಎನ್ನುತ್ತೇನೆ. ಮನೆಗೆ ಹೋದ ಮೇಲೆ ಬೇರೆ ಬಣ್ಣ ಕಂಡಿತು ಎಂದು ಡಬ್ಬ ಹಿಂದಕ್ಕೆ ತರುವವರು ಕಮ್ಮಿಯಾಗಿದ್ದಾರೆ. ಬಣ್ಣ ಮಾರುವುದು ನನಗೆ ಮೊದಲೇ ಬರುತ್ತಿತ್ತು. ಅದನ್ನು ನೋಡಲು ಕಲಿಸಿದವರು ಬೋರ್ಡಕ್ಕ. ಅಷ್ಟರ ಮಟ್ಟಿಗೆ ನಾನು ಅವರಿಗೆ ಋಣಿ.