ಮತ್ತಿಗಿರಿ ಬೀದೀಲಿ ಬಿಚ್ಕಳ್ಳದ ಬಾವುಟ

ತಾಕತ್ತಿದ್ರೆ ಇದನ್ನ ನಂಬ್ದೆ ಇರಿ, ನೋಡೋಣ. ನಮ್ಮ ಬೀದೀಲಂತೂ ನನ್ನ ಮಾತು ನಂಬೋರು ಯಾರೂ ಇಲ್ಲ. ಬೆಳಕಾಯ್ತು ಅಂತ ನಾನಂದ್ರೆ ಕಿಟಕಿ ತೆಗ್ದು ನೋಡ್ಕಂಡು ಆಮೇಲೆ ಹ್ಞೂಂ ಅಂತಾರೆ. ಕೀಟಲೆ ಮಾಡಿ ಊರೋರಿಗೆಲ್ಲ ಶಾಕ್ ಕೊಟ್ಕಂಡೇ ಮುದುಕ ಆದೋನು ನಾನು. ಅಂಥ ನಾನೇ ಬಾಯಿ ಬಿಟ್ಕಂಡು ನಿಂತ್ಬುಟ್ಟೆ ಅಂದ್ರೆ ಅದು ಹೋದ ಆಗಸ್ಟ್ ಹದಿನೈದು.

ನನ್ನ ಪರಿಚಯ ಮೊದ್ಲು ಹೇಳ್ಬುಡ್ತೀನಿ, ನಾನೇನು ಸಾಮಾನ್ಯದೋನಲ್ಲ. ಹುಟ್ಟಿದ್ದು ಗುಮ್ಮಳಾಪುರ. ದುಡಿದಿದ್ದು ಕೃಷ್ಣಗಿರಿ ಮಾವಿನ ಮಂಡೀಲಿ. ಈಗ ಪೇಪರ್ ಹಿಡ್ಕಂಡು ಜಗಲಿ ಮೇಲೆ ಕೂತಿರೋದು ಮತ್ತಿಗಿರಿ. ಮೂರೂ ಗಡಿ ಪಕ್ಕದ ತಮಿಳು ಸೀಮೇಲೇ ಅವೆ. ಮಂಡೀಲಿದ್ದಾಗ, ಹಣ್ಣು ನೋಡಕ್ಕೆ ಬಂದ ದೊಡ್ಡ ಸಾಹೇಬ್ರಿಗೆ ಹುಳಿ ನಾಟಿಕಾಯಿ ಕೊಯ್ದು, ಸಕ್ಕರೆ ಪಾಕದಲ್ಲಿ ಅದ್ದಿ, ಬಾದಾಮಿ ಮಾವು ಅಂತ ತಿನ್ನಿಸ್ಬುಟ್ಟಿದ್ದೆ. ಅವ್ರು ಕಣ್ಣು ಮುಚ್ಕಂಡು ಆಹಾ ಅಂದ್ರು. ಇಂಥವು ಬೇಕಾದಷ್ಟು ಅವೆ, ಈಗ ಬೇಡ.

ನಮ್ಮ ಬೀದಿ ಕೊನೇಲಿ ನೀರಿನ ಟ್ಯಾಂಕು. ಅದರ ಪಕ್ಕ ಬಾವುಟದ ಕಂಬ. ಬೀದಿಗೊಂದು ಪದ್ಧತಿ ಐತೆ: ಆಗಸ್ಟ್ ಹದಿನೈದಕ್ಕೆ ಹಗ್ಗ ಎಳೆಯೋದು ಬೀದೀಲಿ ವಯಸ್ಸಲ್ಲಿ ಯಾರು ದೊಡ್ಡೋರೋ ಅವ್ರು. ಕೌನ್ಸಿಲರೇ ಬಂದ್ರೂ ಪಕ್ಕದಲ್ಲಿ ನಿಂತು ಸಲ್ಯೂಟ್ ಹೊಡ್ದು, ಪೊಂಗಲ್ ತಿಂದು ಹೋಗ್ಬೇಕು ಅಷ್ಟೆ. ಬಾಳ ವರ್ಷದಿಂದ ಹಿಂದಿನ ಮನೆ ಅಜ್ಜಿ ಎಳೀತಿದ್ಲು. ಯುಗಾದಿ ಕಳೆದ ಮೇಲೆ ಅಜ್ಜಿ ಹೋಗ್ಬುಟ್ಳು. ಅಲ್ಲಿಗೆ ದೊಡ್ಡೋನು ನಾನೇ.

ನಗ್ಬೇಡಿ, ನಂಗೆ ಆ ಹಗ್ಗ ಎಳೀಬೇಕು ಅಂತ ಬಾಳ ಆಸೆ ಇತ್ತು. ಮದುವೆ ಮನೇಲಿ, ಸಾವಿನ ಮನೇಲಿ, ಎಲ್ಲೇ ಹೋಗ್ಲಿ, ನಾನು ಬಂದ್ರೆ ಜನ ಮೊದ್ಲೇ ಹಲ್ಲು ಕಿಸೀತಾರೆ. ಗಂಭೀರವಾಗಿ ಒಂದು ಸಲ ಎಲ್ಲಾರ ಮುಂದೆ ನಿಂತ್ಕಂಡಿಲ್ಲ ನಾನು. ಅದಕ್ಕೇ ಅಜ್ಜಿ ಹನ್ನೊಂದನೇ ದಿನ ಮುಗಿಸ್ಕಂಡು ಬಂದೋನೇ ಬಿಳೀ ಜುಬ್ಬ ಹೊಲಿಯಕ್ಕೆ ಕೊಟ್ಟೆ. ನನ್ನ ಹೆಂಡ್ತಿ ಯಾಕ್ರೀ ಅಂದ್ಳು, ನಾನು ಹೇಳ್ಲಿಲ್ಲ.

ಹಬ್ಬಕ್ಕೆ ಮುಂಚಿನ ಭಾನುವಾರ ಟ್ಯಾಂಕ್ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗು. ನಮ್ಮ ಬೀದೀಲಿ ದೇಶದ ರಾಜಕೀಯ ನಡ್ಸೋರು ಇಬ್ರು. ಒಬ್ರು ಎದುರುಮನೆ ರಿಟೈರ್ಡ್ ಹೆಡ್ಮೇಷ್ಟ್ರು. ಮನೇಲಿ ನಮ್ಮಂಗೇ ಕನ್ನಡ, ಮೈಕ್ ಕೈಗೆ ಬಂದ್ರೆ ಸುದ್ದ ತಮಿಳು. ಇನ್ನೊಬ್ರು ಅವರ ಪಕ್ಕದ ಮನೆ ಸೂಪರ್ವೈಜರು, ಫ್ಯಾಕ್ಟ್ರೀಲಿದ್ದು ರಿಟೈರ್ ಆದೋರು. ಹೆಂಡ್ತಿ ಜೊತೆ ತೆಲುಗು, ಬೀದೀಲಿ ಕನ್ನಡ, ಕೋಪ ಬಂದ್ರೆ ಇಂಗ್ಲಿಷು. ಮೇಷ್ಟ್ರು ಚೆನ್ನೈ ಸರ್ಕಾರದ ಕಡೆ, ಸೂಪರ್ವೈಜರು ಡೆಲ್ಲಿ ಸರ್ಕಾರದ ಕಡೆ. ಎಲೆಕ್ಷನ್ ಆದಾಗಿಂದ ಇಬ್ರಿಗೂ ಮಾತಿಲ್ಲ. ಮೀಟಿಂಗಲ್ಲೂ ಒಬ್ರು ಇನ್ನೊಬ್ರಿಗೆ ಹೇಳೋದನ್ನ ಟ್ಯಾಂಕಿಗೆ ಹೇಳ್ತಾರೆ.

ಮೊದ್ಲು ಹಾಡಿನ ಜಗಳ. ತಮಿಳಿನ ನಾಡಗೀತೆ ಮೊದ್ಲು, ರಾಷ್ಟ್ರಗೀತೆ ಕೊನೇಲಿ, ಇಲ್ಲಿನ ಪದ್ಧತಿ ಅದು ಅಂತ ಮೇಷ್ಟ್ರು. ಬಾವುಟ ಬಿಚ್ಕಂಡ ಮೇಲೆ ರಾಷ್ಟ್ರಗೀತೆ ಬಿಟ್ಟು ಬೇರೆ ಯಾವ್ದು ಹಾಡ್ತಾರೆ ಯಾರಾನ ಅಂತ ಸೂಪರ್ವೈಜರು. ಹಂಗಾದ್ರೆ ಕನ್ನಡದ್ದೂ ಒಂದು ಹಾಡ್ಲಿ, ನಾವೇನು ಇಲ್ಲಿಗೆ ನೆಂಟಸ್ತನಕ್ಕೆ ಬಂದಿದ್ದೀವಾ ಅಂತ ನಾನು ಒಂದು ಕಡ್ಡಿ ಗೀರಿದೆ. ಅರ್ಧ ಗಂಟೆ ಉರೀತು. ನಾನು ಕಾಫಿ ಕುಡ್ಕಂಡು ಕಾಲು ಆಡಿಸ್ತಾ ಕೂತಿದ್ದೆ.

ಆಮೇಲೆ ನನ್ರಿ ಉರೈ, ಅಂದ್ರೆ ಕೊನೇಲಿ ವಂದನೆ ಹೇಳೋ ಭಾಷಣ. ಬೇರೆ ಕಡೆ ಅದು ಶುರುವಾದ್ರೆ ಜನ ಚಪ್ಪಲಿ ಹುಡುಕ್ತಾರೆ. ನಮ್ಮಲ್ಲಿ ಅದಕ್ಕೇ ಯುದ್ಧ. ಹೋದ ವರ್ಷ ಬೀದೀಲಿ ಹೊಸ ಚರಂಡಿ ಆಯ್ತಲ್ಲ, ಅದಕ್ಕೆ ಡೆಲ್ಲಿಗೆ ಥ್ಯಾಂಕ್ಸ್ ಹೇಳ್ಬೇಕೋ ಚೆನ್ನೈಗೋ. ದುಡ್ಡು ಡೆಲ್ಲೀದು ಅಂತ ಒಬ್ರು, ಕೆಲ್ಸ ಚೆನ್ನೈದು ಅಂತ ಒಬ್ರು. ಗಡೀಲಿರೋ ಸೈನಿಕ್ರು ಮೊದ್ಲೋ, ಸ್ವಾತಂತ್ರ್ಯಕ್ಕೆ ಜೈಲಿಗೆ ಹೋದೋರು ಮೊದ್ಲೋ. ಮೂಲೆಮನೆ ಟೀಚರಮ್ಮ ಪ್ರತಿ ವರ್ಷ ಮೂರು ಭಾಷೇಲೂ ವಂದನೆ ಹೇಳೋಳು, ಪಾಪ ಅವಳು ಕೈಕಟ್ಕಂಡು ಕೂತಿದ್ಲು. ಬೆಳಗ್ಗೆಯಿಂದ ಹೊಗೇಲಿ ನಿಂತು ಪೊಂಗಲ್ ಮಾಡೋ ಹೆಂಗಸ್ರಿಗೆ ಯಾವಾಗ್ಲಾದ್ರೂ ಥ್ಯಾಂಕ್ಸ್ ಹೇಳಿದ್ದೀರಾ ಅಂತ ಕೇಳಿದ್ಲು. ಅದು ಯಾರ ಕಿವಿಗೂ ಬೀಳ್ಲಿಲ್ಲ.

ಇಂಥ ಟೈಮಲ್ಲಿ ಮೆತ್ತಗೆ ನಾನು ಬಾಯಿ ತೆಗ್ದೆ. ಈ ಸಲ ಹಗ್ಗ ನಂದು ಅಂತ ಎಲ್ಲಾರಿಗೂ ನೆನಪೈತೆ ತಾನೆ ಅಂದೆ.

ಮೇಷ್ಟ್ರು ಸೂಪರ್ವೈಜರ್ ಮುಖ ನೋಡಿದ್ರು. ಸೂಪರ್ವೈಜರು ಮೇಷ್ಟ್ರ ಮುಖ ನೋಡಿದ್ರು. ಎಲೆಕ್ಷನ್ ಆದ ಮೇಲೆ ಅವರಿಬ್ರು ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದ್ಲು.

"ಅಣ್ಣಾ, ನೀವು ಬೇಡ," ಅಂದ್ರು ಮೇಷ್ಟ್ರು.

"ಅವರು ಹೇಳೋದು ಕರೆಕ್ಟು," ಅಂದ್ರು ಸೂಪರ್ವೈಜರು.

ಹಾಡಿಗೆ ಒಪ್ಪದೋರು, ಚರಂಡಿಗೆ ಒಪ್ಪದೋರು, ನನ್ನ ಬೇಡ ಅನ್ನಕ್ಕೆ ಒಂದೇ ಉಸಿರಲ್ಲಿ ಒಪ್ಕಂಡ್ಬುಟ್ರು. ಕಾರಣ ಏನು ಅಂದ್ರೆ ಹೋದ ವರ್ಷದ್ದು. ಕೌನ್ಸಿಲರ್ ಭಾಷಣ ಮಾಡ್ತಾ ತಾಯ್ನಾಡು ಅಂತ ದನಿ ಎತ್ತಿದ್ರು ನೋಡಿ, ಸ್ಪೀಕರಲ್ಲಿ ತರಕಾರಿ ಗಾಡಿ ಕೂಗು ಶುರುವಾಯ್ತು, ತಕ್ಕಾಳಿ, ವೆಂಗಾಯಂ, ಮುಳ್ಳಂಗಿ ಅಂತ. ನನ್ನ ಫೋನಿಂದ ಬ್ಲೂಟೂತಲ್ಲಿ ಬಿಟ್ಟಿದ್ದೆ. ಟೈಮಿಂಗ್ ಅಂದ್ರೆ ಅದು. ಕೌನ್ಸಿಲರೇ ಆಮೇಲೆ ನಕ್ಕುಬುಟ್ರು, ಇವ್ರಿಗೇನು ನೋವು?

ನಾನು ಈ ಸಲ ಏನೂ ಮಾಡಲ್ಲ ಅಂದೆ. ಎಲ್ಲಾರೂ ನಕ್ಕರು. ಆಣೆ ಇಟ್ಟೆ. ಇನ್ನೂ ಜೋರಾಗಿ ನಕ್ಕರು. ನಾನು ನಿಜ ಹೇಳ್ದಾಗ್ಲೇ ಜನ ಇಷ್ಟು ನಗೋದು ಅಂತ ಅವತ್ತೇ ನಂಗೆ ಗೊತ್ತಾಗಿದ್ದು.

ಕೊನೆಗೆ ಟೀಚರಮ್ಮನೇ ಎದ್ದು ನಿಂತು, ಪದ್ಧತಿ ಅಂದ್ಮೇಲೆ ಪದ್ಧತಿ, ತಾತನೇ ಎಳೀಲಿ ಅಂದ್ಳು. ಆಗ ಕಂಡೀಷನ್ ಹಾಕಿದ್ರು. ಬಾವುಟ ಮಡಿಸಿ ಕಟ್ಟೋದು ಮೇಷ್ಟ್ರು. ಹೂವು ತುಂಬೋದು ಸೂಪರ್ವೈಜರು. ನಾನು ಎಂಟೂವರೆ ತನಕ ಕಂಬದ ಹತ್ರ ಸುಳೀಬಾರ್ದು. ಫೋನು ಮನೇಲೇ. ಇದಕ್ಕೆಲ್ಲ ನನ್ನ ಹೆಂಡ್ತಿ ಜವಾಬ್ದಾರಿ. ಅವಳು ನಂಗೋಸ್ಕರ ಎರಡು ಮಾತಾಡ್ತಾಳೆ ಅಂದ್ಕಂಡಿದ್ದೆ. ಅವಳು ಆಗ್ಲಿ ಬಿಡಿ, ಜುಬ್ಬದ ಜೇಬಿನ ಬಾಯೂ ಹೊಲ್ದುಬುಡ್ತೀನಿ ಅಂದ್ಳು. ಹೊಲ್ದೂ ಬುಟ್ಳು.

ಹಬ್ಬದ ದಿನ ಬಂತು. ನಾನು ಬೆಳಗ್ಗೆನೇ ಸ್ನಾನ ಮಾಡಿ, ಜೇಬು ಮುಚ್ಚಿದ ಜುಬ್ಬ ಹಾಕ್ಕಂಡು, ಒಳ್ಳೇ ಹೆಣ್ಣು ನೋಡಕ್ಕೆ ಹೊರಟ ಗಂಡಿನಂಗೆ ಜಗಲೀಲಿ ಕೂತಿದ್ದೆ. ಹೆಂಡ್ತಿ ಬಾಗಿಲಿಗೆ ಅಡ್ಡ ಮಣೆ ಹಾಕ್ಕಂಡು ಸೊಪ್ಪು ಬಿಡಿಸ್ತಾ ಕೂತಿದ್ಲು. ಎಂಟೂವರೆಗೆ ಟೀಚರಮ್ಮ ಬಂದು ಕರ್ದ್ಳು. ಹೋದೆ. ಇಡೀ ಬೀದಿ ನಿಂತಿತ್ತು. ಒಂದು ಮುಖದಲ್ಲೂ ಹಬ್ಬ ಇಲ್ಲ, ಎಲ್ಲಾ ಕಣ್ಣೂ ನನ್ನ ಕೈ ಮೇಲೆ.

ಹಗ್ಗ ಹಿಡ್ಕಂಡೆ. ಮೆಲ್ಲಗೆ ಎಳೆದೆ. ಮಡಿಸಿ ಕಟ್ಟಿದ ಬಾವುಟ ಒಂದು ಸಣ್ಣ ಗಂಟಿನಂಗೆ ಮೇಲಕ್ಕೆ ಹೋಯ್ತು, ತುದಿ ಮುಟ್ತು. ಈಗ ಇನ್ನೊಂದು ಎಳೆ ಜಗ್ಗಿದ್ರೆ ಜಾರುಗಂಟು ಸಡ್ಲ ಆಗಿ, ಬಾವುಟ ಬಿಚ್ಕಂಡು, ಹೂವು ಉದುರ್ಬೇಕು. ಎಲ್ಲಾರೂ ಸಲ್ಯೂಟಿಗೆ ಕೈ ಎತ್ತಿದ್ರು. ಟೀಚರಮ್ಮ ಹಾಡು ಎತ್ತಕ್ಕೆ ಉಸಿರು ಎಳ್ಕಂಡ್ಳು. ನಾನು ಜಗ್ಗಿದೆ.

ಬಿಚ್ಕಳ್ಳಿಲ್ಲ.

ಇನ್ನೊಂದು ಸಲ ಜಗ್ಗಿದೆ. ಗಂಟು ಅಲ್ಲಾಡ್ತು, ಅಷ್ಟೆ. ಹಿಂದೆ ಯಾರೋ ಕಿಸಕ್ ಅಂದ್ರು. ಇನ್ಯಾರೋ, ನೋಡ್ದಾ, ಮಾಡ್ಬುಟ್ಟ ಕಣ್ಲಾ ಮುದ್ಕ ಅಂದ್ರು. ಜೀವಮಾನದಲ್ಲಿ ಮಾಡಿ ಸಿಕ್ಕಾಕ್ಕಂಡು ನಗ್ತಾ ನಿಂತೋನು ನಾನು. ಮಾಡ್ದೆ ಸಿಕ್ಕಾಕ್ಕಂಡ್ರೆ ಮುಖ ಹೆಂಗೆ ಇಟ್ಕಬೇಕು ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಕ್ಕರೆ ತಪ್ಪು, ಸುಮ್ನಿದ್ರೆ ನಾಟಕ. ಹೆಂಡ್ತಿ ಕಡೆ ತಿರುಗಿದೆ. ಅವಳು ಸಲ್ಯೂಟ್ ಹೊಡ್ದಿದ್ದ ಕೈ ಕೆಳಗಿಂದಲೇ ಮೆಲ್ಲಗೆ, "ಏನ್ ಮಾಡಿದ್ದೀರೋ ಬಿಡಿಸ್ಬುಡ್ರೀ, ಸಾಕು," ಅಂದ್ಳು.

ಬಾಗಿಲಿಗೆ ಅಡ್ಡ ಕೂತು ಕಾದೋಳೇ ಅವಳು. ನಾನು ಅಲ್ಲಾಡಿಲ್ಲ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೂ ಅವಳೂ ನಂಬ್ಲಿಲ್ಲ. ಆ ಹೊತ್ತಲ್ಲಿ ನಂಗೆ ಬಾವುಟ, ಬೀದಿ, ಏನೂ ಕಾಣ್ಲಿಲ್ಲ.

ಆದ್ರೆ ಹಗ್ಗ ಬಿಡ್ಲಿಲ್ಲ ನಾನು. ಬಿಟ್ಟು ಹೋಗ್ಬುಟ್ಟಿದ್ರೆ ಮಾಡಿದ್ದು ನಾನೇ ಅಂತ ಆಗೋದು. ನಿಧಾನಕ್ಕೆ ಇಳಿಸಿದೆ. ನೆಲಕ್ಕೆ ತಾಕ್ದಂಗೆ ಟೀಚರಮ್ಮ ಎರಡು ಕೈಲಿ ಹಿಡ್ಕಂಡ್ಳು. ಎಲ್ಲಾರೂ ಕೈ ಹಣೇಲೇ ಇಟ್ಕಂಡು ಕತ್ತು ಚಾಚಿದ್ರು. ಸಲ್ಯೂಟ್ ಯಾವಾಗ ಇಳಿಸ್ಬೇಕು ಅಂತ ಯಾರಿಗೂ ಗೊತ್ತಾಗ್ಲಿಲ್ಲ.

ಮೊದ್ಲನೇ ಜಾರುಗಂಟು ಸರಿಯಾಗೇ ಇತ್ತು. ಅದರ ಮೇಲೆ ಹಸಿರು ಟ್ಯಾಗು, ಎರಡು ತುದೀಲೂ ತಗಡು ಇರ್ತದಲ್ಲ, ಸ್ಕೂಲಲ್ಲಿ ಉತ್ತರ ಪತ್ರಿಕೆ ಕಟ್ಟೋದು, ಅದು ಗಟ್ಟಿಯಾಗಿ ಬಿಗ್ದಿತ್ತು. ಟ್ಯಾಗಿನ ಮೇಲೆ ಕರೀ ಕೇಬಲ್ ಟೈ. ಫ್ಯಾಕ್ಟ್ರೀಲಿ ವೈರು ಕಟ್ಟೋ ಪ್ಲಾಸ್ಟಿಕ್ಕು. ಒಂದು ಸಲ ಎಳೆದ್ರೆ ಹಿಂದಕ್ಕೆ ಬರೋ ಮಾತೇ ಇಲ್ಲ.

ಇಡೀ ಬೀದಿ ಸೂಪರ್ವೈಜರ್ ಮನೆ ಕಡೆ ತಿರುಗ್ತು. ಅವರ ಗೇಟು, ಗೇಟಿನ ಬಲ್ಬು, ತುಳಸಿ ಗಿಡದ ಕೋಲು, ಕಸದ ಡಬ್ಬ, ಎಲ್ಲಾನೂ ಅದೇ ಕರೀ ಕೇಬಲ್ ಟೈಯಲ್ಲಿ ಕಟ್ಟವ್ರೆ. ಆಮೇಲೆ ಎಲ್ಲಾರೂ ಮೇಷ್ಟ್ರ ಕಡೆ ತಿರುಗಿದ್ರು. ಬಾವುಟ ಕಟ್ಟಿದ್ದೂ ಅವರೇ, ಟ್ಯಾಗು ಬೇರೆ ಯಾರ್ದಿರ್ತದೆ?

ಆಗಿದ್ದು ಇಷ್ಟು. ಬೆಳಗ್ಗೆ ಮೇಷ್ಟ್ರು ಬಾವುಟ ಕಟ್ಟಿ, ಹಗ್ಗಕ್ಕೆ ಸಿಗಿಸಿ, ಕಾಯ್ತಾ ನಿಂತಿದ್ರಂತೆ. ಸ್ನಾನಕ್ಕೆ ಹೋಗ್ಬೇಕಿತ್ತು. ಅಷ್ಟರಲ್ಲಿ ನಾನು ಬಂದು ಹೂವಿನ ಬದ್ಲು ಏನಾದ್ರೂ ತುಂಬ್ಬುಟ್ರೆ ಅಂತ ಟ್ಯಾಗ್ ಬಿಗ್ದು ಹೋದ್ರು. ಬಂದು ಬಿಚ್ಚಿದ್ರಾಯ್ತು ಅಂತ. ಅವರು ಹೋದ ಮೇಲೆ ಸೂಪರ್ವೈಜರು ಹೂವು ತುಂಬಕ್ಕೆ ಬಂದು ನೋಡಿದ್ರೆ ಟ್ಯಾಗು. ಇದು ಆ ಮುದುಕಂದೇ ಕೆಲ್ಸ ಅಂದ್ಕಂಡು, ಮಡಿಕೆ ಸಂದೀಲಿ ಹೂವು ತುರುಕಿ, ಇನ್ನು ನಾನು ಕೈ ಹಾಕ್ಬಾರ್ದು ಅಂತ ಟೈ ಹಾಕಿದ್ರು. ಎಂಟೂವರೆಗೆ ಮುಂಚೆ ಎರಡನ್ನೂ ಕತ್ತರಿಸ್ಬೇಕು ಅಂತ ಇದ್ರಂತೆ, ಕೌನ್ಸಿಲರ್ ಬಂದ್ರು, ಮರ್ತ್ರು. ಮೇಷ್ಟ್ರು ವಾಪಸ್ ಬಂದು ಟೈ ನೋಡಿ, ಅದನ್ನ ಹಾಕಿದ್ಯಾರು ಅಂತ ಗೊತ್ತಾದ್ರೂ ಬಾಯ್ಬಿಡ್ಲಿಲ್ಲ. ಮಾತಿಲ್ವಲ್ಲ ಇಬ್ರಿಗೂ. ಹಾಳಾಗ್ಲಿ, ಅವನ ಮರ್ಯಾದೆ ಅವನೇ ಕಳ್ಕಳ್ಳಿ ಅಂತ ಸುಮ್ನಿದ್ಬುಟ್ರು. ತನ್ನ ಟ್ಯಾಗು ಅದರ ಕೆಳಗೇ ಐತೆ ಅನ್ನೋದು ಜ್ಞಾನಕ್ಕೇ ಬರ್ಲಿಲ್ಲ.

ಇದನ್ನೆಲ್ಲ ಹೇಳಿದ್ದು ಅವರ ಹೆಂಡ್ತೀರು, ಅಲ್ಲೇ, ಎಲ್ಲಾರ ಮುಂದೆ. ಗಂಡಸ್ರಿಬ್ರೂ ಚರಂಡಿ ನೋಡ್ತಾ ನಿಂತಿದ್ರು.

ಸೂಪರ್ವೈಜರು ಕೀ ಚೈನಲ್ಲಿದ್ದ ನೈಲ್ ಕಟರಲ್ಲಿ ಆ ಟೈ ಕಚ್ಚಿ ಕಚ್ಚಿ ತೆಗೆಯೋ ಹೊತ್ತಿಗೆ ಬೀದಿಯೋರ ಕೈಯೆಲ್ಲ ಜೋಮು ಹಿಡೀತು. ನಿಮ್ಮ ಪ್ಲಾಸ್ಟಿಕ್ಕಿಂದ ಅಲ್ವೇನ್ರೀ ಇದೆಲ್ಲ ಅಂದ್ರು ಮೇಷ್ಟ್ರು. ಮೊದ್ಲು ಹಾಕಿದ್ದು ಯಾರ್ರೀ ಅಂದ್ರು ಅವರು. ಜಗಳನೇ ಇರ್ಲಿ, ಮುಖಕ್ಕೆ ಮುಖ ಕೊಟ್ಟು ಆಡಿದ್ರು, ಟ್ಯಾಂಕಿಗೆ ಹೇಳ್ಲಿಲ್ಲ.

ಬಾವುಟ ಮತ್ತೆ ಮಡಿಸಿದ್ರು. ಕಟ್ಟೋರು ಯಾರು? ಅವರು ಇವರ ಮುಖ ನೋಡಿದ್ರು, ಇವರು ಅವರ ಮುಖ. ಮೇಷ್ಟ್ರು ಅದನ್ನ ತಂದು ನನ್ನ ಕೈಲಿಟ್ರು.

"ಅಣ್ಣಾ, ನೀವೇ ಕಟ್ಬುಡಿ."

ನೋಡಿ, ಆ ಗಳಿಗೇಲಿ ನನ್ನ ತಲೇಲಿ ಎಂಥೆಂಥ ಐಡಿಯಾ ಬಂದ್ವು ಅಂತ ನಿಮಗೆ ಹೇಳಲ್ಲ, ಎಲ್ಲಾ ಒಂದಕ್ಕಿಂತ ಒಂದು ಚೆನ್ನಾಗಿದ್ವು. ಒಂದನ್ನೂ ಮಾಡ್ಲಿಲ್ಲ. ಸೇವಂತಿ ದಳ ಹಾಕಿ, ಒಂದೇ ಜಾರುಗಂಟು ಹಾಕಿ, ಎಳೆದೆ. ಬಿಚ್ಕಂಡ್ತು. ಹೂವು ನನ್ನ ತಲೆ ಮೇಲೇ ಉದುರ್ತು. ಟೀಚರಮ್ಮ ರಾಷ್ಟ್ರಗೀತೆ ಎತ್ತಿದ್ಲು, ಅದು ಮುಗಿದ ಮೇಲೆ ನಾಡಗೀತೇನೂ ಹಾಡಿದ್ರು. ಯಾವ್ದು ಮೊದ್ಲು ಅಂತ ಒಬ್ರೂ ಕೇಳ್ಲಿಲ್ಲ.

ಆಮೇಲೆ ವಂದನೆ. ಟೀಚರಮ್ಮ ಮೈಕ್ ತಗಂಡು ಪೊಂಗಲ್ ಮಾಡಿದ ಹೆಂಗಸ್ರಿಗೆ ಮೊದ್ಲು ವಂದನೆ ಹೇಳಿದ್ಲು. ಡೆಲ್ಲಿನೂ ಅನ್ಲಿಲ್ಲ, ಚೆನ್ನೈನೂ ಅನ್ಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ್ಲು.

"ನಮ್ಮ ತಾತಂಗೆ ಥ್ಯಾಂಕ್ಸ್. ಅವರು ಏನೂ ಮಾಡಿರ್ಲಿಲ್ಲ, ನಾವ್ಯಾರೂ ಅವರನ್ನ ನಂಬ್ಲಿಲ್ಲ. ಆದ್ರೂ ಅವರು ಹಗ್ಗ ಬಿಡ್ಲಿಲ್ಲ."

ಕನ್ನಡದಲ್ಲಿ ಹೇಳಿದ್ಲು, ಅದನ್ನೇ ತಮಿಳಲ್ಲಿ ಹೇಳಿದ್ಲು, ಆಮೇಲೆ ತೆಲುಗಲ್ಲಿ. ಯಾರೂ ನಗ್ಲಿಲ್ಲ. ನನ್ನ ಹೆಂಡ್ತಿ ಸೆರಗು ಬಾಯಿಗೆ ಇಟ್ಕಂಡಿದ್ಲು. ಬೀದಿಗೆ ಬೀದಿನೇ ಚಪ್ಪಾಳೆ ತಟ್ತು. ನಾನು ಮೈಕ್ ಇಸ್ಕಂಡು, ಈ ವರ್ಷ ಏನೋ ಸರಿ, ಮುಂದಿನ ವರ್ಷಕ್ಕೆ ನಾನು ಗ್ಯಾರಂಟಿ ಕೊಡಲ್ಲ ಅಂದೆ. ಆಗ ನಕ್ಕರು ನೋಡಿ, ಟ್ಯಾಂಕೇ ಅಲ್ಲಾಡಿಹೋಯ್ತು.

ಇದರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೀನಿ. ಟ್ಯಾಗು ನಿಜ, ಕೇಬಲ್ ಟೈ ನಿಜ, ಬೇಕಾದ್ರೆ ಬಂದು ಸೂಪರ್ವೈಜರ್ ಗೇಟ್ ನೋಡಿ. ಟೀಚರಮ್ಮ ಹೇಳಿದ್ದೂ ಅಕ್ಷರಕ್ಕಕ್ಷರ ನಿಜ. ಆ ಗ್ಯಾರಂಟಿ ಮಾತು ಮಾತ್ರ ನಾನು ಆಡ್ಲಿಲ್ಲ. ಮೈಕ್ ಇಸ್ಕಂಡಿದ್ದು ಹೌದು, ಬಾಯಿ ತೆಗ್ದಿದ್ದೂ ಹೌದು. ದನಿನೇ ಬರ್ಲಿಲ್ಲ. ಸ್ಪೀಕರಲ್ಲಿ ನನ್ನ ಉಸಿರು ಮಾತ್ರ ಬುಸ್ ಬುಸ್ ಅಂತ ಬೀದಿಗೆಲ್ಲ ಕೇಳಿಸ್ತಿತ್ತು. ಕೊನೆಗೆ ನನ್ನ ಹೆಂಡ್ತಿ ಬಂದು ಕೈಯಿಂದ ಮೈಕ್ ಇಸ್ಕಂಡ್ಳು.